ಮಿಕ್ಕವರ ದೋಣಿ: ಪಿಕಲ್‌ಬಾಲ್ ಎಂಬ ಆಟದ ಕಥೆ



ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಸಿಯಾಟಲ್ ನಗರಕ್ಕೆ ಹೋಗಿ ಎರಡು ತಿಂಗಳು ಇದ್ದು ಬಂದ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. "ಅಲ್ಲಿ ಏನೇನು ನೋಡಿದಿರಿ ಸಾರ್?" ಎಂದು ಕೇಳಿದವರಿಗೆಲ್ಲ "ನೋಡಿದ್ದು ಹಾಗಿರಲಿ, ಒಂದು ಆಟವನ್ನು ಕಲಿತು ಬಂದೆ" ಎಂದೆ. ಎಲ್ಲರೂ ನಕ್ಕರು. ನಗುವುದು ಸಹಜವೇ. ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸವನ್ನು ಬೋಧಿಸಿ, ಮಂಡಿನೋವನ್ನು ಸಂಪಾದಿಸಿಕೊಂಡು ನಿವೃತ್ತನಾದ ಮೇಷ್ಟರೊಬ್ಬರು ಅರುವತ್ತೇಳನೆಯ ವಯಸ್ಸಿನಲ್ಲಿ ದಾಂಡು ಹಿಡಿದು ಅಂಕಣಕ್ಕೆ ಇಳಿದರೆಂದರೆ ಯಾರು ತಾನೇ ನಂಬುತ್ತಾರೆ? ಆದರೆ ನಾನು ಇಳಿದದ್ದು ನಿಜ. ನನಗೆ ಕಲಿಸಿದ ಗುರು ಹತ್ತು ವರ್ಷದ ನನ್ನ ಮೊಮ್ಮಗಳು.

ಆಟದ ಹೆಸರು ಪಿಕಲ್‌ಬಾಲ್. ಹೆಸರು ಕೇಳಿದೊಡನೆ ನನಗೆ ಉಪ್ಪಿನಕಾಯಿಯ ಜಾಡಿಯೇ ನೆನಪಿಗೆ ಬಂದಿತು. ಯಾವ ಹೊಸ ಹೆಸರು ಕಿವಿಗೆ ಬಿದ್ದರೂ ಅದು ಎಲ್ಲಿ ಹುಟ್ಟಿತು, ಯಾರಿಂದ ಹುಟ್ಟಿತು, ಏಕೆ ಹುಟ್ಟಿತು ಎಂದು ಕೆದಕುವುದು ಇತಿಹಾಸದ ಮೇಷ್ಟರ ಹಳೆಯ ಚಾಳಿ. ಹಾಗೆ ಕೆದಕಿದಾಗ ತಿಳಿದ ಕಥೆಯನ್ನು ನಿಮಗೆ ಹೇಳಬೇಕೆನಿಸಿದೆ. ಕಥೆಯ ನಡುವೆ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ಸಿಯಾಟಲ್ ನಗರದ ಎದುರಿಗೆ, ಹಡಗಿನಲ್ಲಿ ಅರ್ಧ ಗಂಟೆಗೆ ತುಸು ಹೆಚ್ಚಿನ ದೂರದಲ್ಲಿ, ಬೇನ್‌ಬ್ರಿಜ್ ಎಂಬ ದ್ವೀಪವಿದೆ. 1965ರ ಬೇಸಿಗೆಯ ಒಂದು ದಿನ ಅಲ್ಲಿನ ತಮ್ಮ ಮನೆಗೆ ಜೋಯೆಲ್ ಪ್ರಿಚರ್ಡ್ ಎಂಬವರು ಗೆಳೆಯ ಬಿಲ್ ಬೆಲ್ ಅವರೊಡನೆ ಗಾಲ್ಫ್ ಆಡಿ ಹಿಂದಿರುಗಿದರು. ಪ್ರಿಚರ್ಡ್ ಆಗ ವಾಷಿಂಗ್ಟನ್ ರಾಜ್ಯದ ಶಾಸಕರು. ಮುಂದೆ ಅಮೆರಿಕದ ಸಂಸತ್ತಿನ ಸದಸ್ಯರಾಗಿ, ತಮ್ಮ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ ಸೇವೆ ಸಲ್ಲಿಸಿದವರು. ಮನೆಯಲ್ಲಿ ಮಕ್ಕಳು ಮಾಡಲು ಏನೂ ಇಲ್ಲದೆ ಬೇಸರದಿಂದ ಕುಳಿತಿದ್ದರು. ಅಂಗಳದಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಕಣವೊಂದಿತ್ತು. ಆದರೆ ಅದರ ಸಾಮಗ್ರಿಗಳು ಸರಿಯಾಗಿ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಟೇಬಲ್ ಟೆನಿಸ್ಸಿನ ದಾಂಡುಗಳು ಮತ್ತು ತೂತುಗಳುಳ್ಳ ಒಂದು ಪ್ಲಾಸ್ಟಿಕ್ ಚೆಂಡು. ಅವುಗಳಿಂದಲೇ ಆಟ ಆರಂಭವಾಯಿತು.

ಮೊದಲು ಬಲೆಯನ್ನು ಬ್ಯಾಡ್ಮಿಂಟನ್ನಿನ ಎತ್ತರಕ್ಕೆ, ಎಂದರೆ 60 ಅಂಗುಲಕ್ಕೆ ಕಟ್ಟಿದ್ದರು. ಚೆಂಡು ಡಾಂಬರು ನೆಲದ ಮೇಲೆ ಚೆನ್ನಾಗಿ ಪುಟಿಯುತ್ತದೆಂದು ಕಂಡಮೇಲೆ ಅದನ್ನು 36 ಅಂಗುಲಕ್ಕೆ ಇಳಿಸಿದರು. ಮರುವಾರ ಬಾರ್ನಿ ಮೆಕ್ಯಾಲಂ ಎಂಬ ಮೂರನೆಯ ಗೆಳೆಯರು ಸೇರಿಕೊಂಡರು. ತೆಳುವಾದ ಟೇಬಲ್ ಟೆನಿಸ್ ದಾಂಡುಗಳು ಬಾಳಲಾರವೆಂದು ಅವರು ಪ್ಲೈವುಡ್ ಹಲಗೆಯಿಂದ ಹೊಸ ದಾಂಡುಗಳನ್ನು ಕತ್ತರಿಸಿದರು. ಮನೆಮಂದಿಯೆಲ್ಲ ಒಟ್ಟಿಗೆ ಆಡಬಲ್ಲ ಆಟವಾಗಬೇಕೆಂಬ ಒಂದೇ ಉದ್ದೇಶವನ್ನು ಮುಂದಿಟ್ಟುಕೊಂಡು ಮೂವರೂ ನಿಯಮಗಳನ್ನು ರೂಪಿಸಿದರು.

ಇನ್ನು ಹೆಸರಿನ ವಿಚಾರ. ಪ್ರಿಚರ್ಡ್ ಅವರ ಮನೆಯಲ್ಲಿ ಪಿಕಲ್ಸ್ ಎಂಬ ನಾಯಿಯಿತ್ತು, ಅದು ಚೆಂಡನ್ನು ಕಚ್ಚಿಕೊಂಡು ಓಡುತ್ತಿತ್ತು, ಅದರಿಂದಲೇ ಆಟಕ್ಕೆ ಈ ಹೆಸರು ಬಂದಿತೆಂಬ ಕಥೆ ಬಹಳ ಪ್ರಸಿದ್ಧ. ಮೆಕ್ಯಾಲಂ ಅವರು ಇದನ್ನೇ ಹೇಳುತ್ತಿದ್ದರು. ಪ್ರಿಚರ್ಡ್ ಅವರ ಕುಟುಂಬದವರು ಒಪ್ಪುವುದಿಲ್ಲ. ನಾಯಿ ಮನೆಗೆ ಬಂದದ್ದು ಆಮೇಲೆ, ಅದಕ್ಕೇ ಆಟದ ಹೆಸರನ್ನು ಇಡಲಾಯಿತು ಎನ್ನುತ್ತಾರೆ. ಹಳೆಯ ಛಾಯಾಚಿತ್ರಗಳನ್ನೂ ದಾಖಲೆಗಳನ್ನೂ ಪರಿಶೀಲಿಸಿದವರು ನಾಯಿ ಹುಟ್ಟಿದ್ದು 1968ರಲ್ಲೆಂದು ನಿರ್ಧರಿಸಿದ್ದಾರೆ. ದಂತಕಥೆ ಎಷ್ಟೇ ಸೊಗಸಾಗಿದ್ದರೂ ಆಧಾರವನ್ನು ಕೇಳಬೇಕೆಂದು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆ, ನೆನಪಿದೆಯೇ? ಇಲ್ಲಿಯೂ ಅದೇ ಪಾಠ.

ಹೆಸರನ್ನಿಟ್ಟವರು ಪ್ರಿಚರ್ಡ್ ಅವರ ಪತ್ನಿ ಜೋನ್. ದೋಣಿಸ್ಪರ್ಧೆಗಳ ಸಂಪ್ರದಾಯದಲ್ಲಿ 'ಪಿಕಲ್ ಬೋಟ್' ಎಂಬುದೊಂದು ಇದೆಯಂತೆ. ಬೇರೆ ಬೇರೆ ತಂಡಗಳಿಗೆ ಆಯ್ಕೆಯಾಗದೆ ಮಿಕ್ಕ ಹುಟ್ಟುಗಾರರನ್ನೆಲ್ಲ ಒಂದು ದೋಣಿಯಲ್ಲಿ ಕೂರಿಸಿ ಬಿಡುವರು. ಅದೇ ಪಿಕಲ್ ಬೋಟ್, ಮಿಕ್ಕವರ ದೋಣಿ. ಒಂದು ಆಟದ ಅಂಕಣ, ಇನ್ನೊಂದು ಆಟದ ದಾಂಡು, ಮತ್ತೊಂದರ ಚೆಂಡು ಸೇರಿ ಹುಟ್ಟಿದ ಈ ಆಟವನ್ನು ಕಂಡು ಅವರಿಗೆ ಆ ದೋಣಿಯ ನೆನಪಾಯಿತು.

ಇದನ್ನು ತಿಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಮ್ಮ ಶಾಲೆಗೆ ದೈಹಿಕ ಶಿಕ್ಷಕರಿರಲಿಲ್ಲ. ಆಟದ ಅವಧಿಯನ್ನು ನಾನೇ ನೋಡಿಕೊಳ್ಳಬೇಕಾಗಿತ್ತು. ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಗ ನಮ್ಮ ಆಟ; ತಂಡಕ್ಕೆ ಐವರು. ತಾಲ್ಲೂಕು ಮಟ್ಟದಲ್ಲಿ ಗೆಲ್ಲಬೇಕೆಂಬ ಹಟದಲ್ಲಿ ಚೆನ್ನಾಗಿ ಆಡುವವರನ್ನೇ ಆರಿಸಿ ವರ್ಷವಿಡೀ ಅವರನ್ನೇ ಆಡಿಸಿದೆ. ಉಳಿದ ನಲವತ್ತು ಮಕ್ಕಳು ಗೆರೆಯ ಹೊರಗೆ ನಿಂತು ಬೇಲಿಯಾಚೆ ಹೋದ ಚೆಂಡನ್ನು ಹೆಕ್ಕಿ ತರುತ್ತಿದ್ದರು. ಅವರಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗನಿದ್ದನು. ಒಂದು ದಿನ ಚೆಂಡನ್ನು ನನ್ನ ಕೈಗಿಡುತ್ತ "ಸಾರ್, ನಾನೂ ಒಂದು ಸಲ ಆಡಲೇ?" ಎಂದನು. "ಪಂದ್ಯಾವಳಿ ಮುಗಿಯಲಿ ಕಣೋ" ಎಂದೆ. ಪಂದ್ಯಾವಳಿ ಮುಗಿಯಿತು, ವರ್ಷವೂ ಮುಗಿಯಿತು. ಅವನು ಮೂರು ವರ್ಷ ಚೆಂಡು ಹೆಕ್ಕಿ ಹತ್ತನೆಯ ತರಗತಿ ಮುಗಿಸಿ ಹೊರಟುಹೋದನು. ನಾವು ಗೆದ್ದ ಫಲಕ ಎಲ್ಲಿದೆಯೋ ನನಗೆ ನೆನಪಿಲ್ಲ. ಆ ಪ್ರಶ್ನೆ ಮಾತ್ರ ನೆನಪಿದೆ.

ಸಿಯಾಟಲ್ಲಿನಲ್ಲಿ ಚೆಂಡನ್ನು ಬಲೆಗೆ ಹೊಡೆಯುತ್ತ, ಆಚೆಗೆ ಚಿಮ್ಮಿಸುತ್ತ, ಪದೇ ಪದೇ "ಕ್ಷಮಿಸಿ" ಎನ್ನುತ್ತ ನಿಂತವನು ನಾನು. ಅಲ್ಲಿದ್ದವರು ಯಾರೂ ನನ್ನನ್ನು ಗೆರೆಯ ಹೊರಗೆ ನಿಲ್ಲಿಸಲಿಲ್ಲ. ಎಪ್ಪತ್ತೆಂಟರ ಒಬ್ಬ ಅಜ್ಜಿ, ಕಾಲೇಜು ಓದುವ ಒಬ್ಬ ತರುಣ, ನನ್ನ ಮೊಮ್ಮಗಳು, ನಾನು, ನಾಲ್ವರೂ ಒಂದೇ ಅಂಕಣದಲ್ಲಿ ಆಡಿದೆವು. ಅದು ಅವರ ಸೌಜನ್ಯವೆಂದು ಮೊದಲು ಭಾವಿಸಿದ್ದೆ. ಸೌಜನ್ಯವಂತೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅದು ನಿಯಮಗಳ ಗುಣವೆಂದು ಬರಬರುತ್ತ ಅರ್ಥವಾಯಿತು.

ಅಂಕಣದ ಅಳತೆಯನ್ನೇ ನೋಡಿ. 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಜೋಡಿಯಾಟದ್ದೇ ಅಳತೆ. ಟೆನಿಸ್ ಅಂಕಣದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಓಟ ಕಡಿಮೆಯಾದರೆ ವಯಸ್ಸಿನ ಅಂತರವೂ ಕಡಿಮೆಯಾಗುತ್ತದೆ. ಚೆಂಡಿನ ತೂತುಗಳಿಂದಾಗಿ ಗಾಳಿಯ ತಡೆ ಹೆಚ್ಚಿ ವೇಗ ಬೇಗನೆ ಕುಂದುತ್ತದೆ. ಆರಂಭದ ಎಸೆತವನ್ನು ಸೊಂಟದ ಕೆಳಗಿನಿಂದಲೇ ಹೊಡೆಯಬೇಕು. ಟೆನಿಸ್ಸಿನಂತೆ ತಲೆಯ ಮೇಲಿನಿಂದ ಬಾರಿಸಿ ಎದುರಾಳಿಯನ್ನು ಹೆದರಿಸುವಂತಿಲ್ಲ. ಆ ಎಸೆತವನ್ನು ಎದುರಿನವರು ಪುಟಿಯಲು ಬಿಟ್ಟೇ ಹೊಡೆಯಬೇಕು, ಮರಳಿ ಬಂದ ಚೆಂಡನ್ನು ಎಸೆದ ಪಕ್ಷದವರೂ ಪುಟಿಯಲು ಬಿಡಬೇಕು. ಹೀಗಾಗಿ ಬಲಶಾಲಿ ಮೊದಲ ಏಟಿಗೇ ಮುನ್ನುಗ್ಗಿ ಆಟವನ್ನು ಮುಗಿಸಲಾರ.

ಬಲೆಯ ಎರಡೂ ಬದಿಗೆ 7 ಅಡಿಗಳ ಒಂದು ಪಟ್ಟಿಯಿದೆ. ಅದಕ್ಕೆ ಅವರು ಇಟ್ಟ ಅಡ್ಡಹೆಸರು 'ಕಿಚನ್', ಎಂದರೆ ಅಡುಗೆಮನೆ! ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಅಲ್ಲಿ ಪುಟಿದ ಚೆಂಡನ್ನು ಮಾತ್ರ ಒಳಹೋಗಿ ಹೊಡೆಯಬಹುದು. ನಮ್ಮಜ್ಜಿಯ ಮಡಿಯ ಅಡುಗೆಮನೆಗೆ ಕರೆದಾಗ ಮಾತ್ರ ಕಾಲಿಡುತ್ತಿದ್ದೆವಲ್ಲ, ಹಾಗೆ. ಎತ್ತರದವರು ಬಲೆಗೆ ಅಂಟಿ ನಿಂತು ಎಲ್ಲವನ್ನೂ ಬಡಿದುಹಾಕುವುದನ್ನು ಈ ಒಂದು ಗೆರೆ ತಡೆಯಿತು.

ಕಲಿಯಬೇಕೆನ್ನುವವರಿಗೆ ನನ್ನ ಗುರುವಿನ ಪಾಠಗಳನ್ನು ಸಂಗ್ರಹವಾಗಿ ಹೇಳುವೆ. ದಾಂಡನ್ನು ಕೈಕುಲುಕುವಷ್ಟೇ ಹಗುರವಾಗಿ ಹಿಡಿಯಿರಿ. ಭುಜ ನೋಯುವವರು ಚೆಂಡನ್ನು ಕೈಬಿಟ್ಟು, ಅದು ನೆಲದಿಂದ ಪುಟಿದ ಮೇಲೆ ಎಸೆತವನ್ನು ಹೊಡೆಯಬಹುದು; 2021ರಿಂದ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ಮೊದಲ ಎರಡು ಪುಟಿತಗಳಾದ ಮೇಲೆ ಹಿಂದೆಯೇ ಉಳಿಯದೆ ಜೊತೆಗಾರರೊಡನೆ ಅಡುಗೆಮನೆಯ ಗೆರೆಯವರೆಗೆ ಬನ್ನಿ. ಅಲ್ಲಿ ಜೋರಿನ ಹೊಡೆತಕ್ಕಿಂತ, ಚೆಂಡನ್ನು ಎದುರಿನ ಅಡುಗೆಮನೆಗೆ ಮೆಲ್ಲನೆ ದಾಟಿಸುವ 'ಡಿಂಕ್' ಎಂಬ ಹೊಡೆತವೇ ಮೇಲು. ನನಗೆ ಇದು ಕೈವಶವಾಗಲು ಮೂರು ವಾರ ಬೇಕಾಯಿತು. ತಲೆಯ ಮೇಲೆ ಹೋದ ಚೆಂಡಿಗಾಗಿ ಹಿಮ್ಮುಖವಾಗಿ ಓಡಲೇಬೇಡಿ. ವಯಸ್ಸಾದವರು ಬೀಳುವುದು ಹೀಗೆಯೇ. ತಿರುಗಿ ನಡೆಯಿರಿ, ಇಲ್ಲವೇ "ಚೆನ್ನಾಗಿ ಹೊಡೆದಿರಿ" ಎಂದು ಬಿಟ್ಟುಬಿಡಿ. ಜೋಡಿಯಾಟದಲ್ಲಿ ಎಸೆಯುವವರು ತಮ್ಮ ಅಂಕ, ಎದುರಿನವರ ಅಂಕ, ತಾವು ಮೊದಲನೆಯ ಎಸೆತಗಾರರೋ ಎರಡನೆಯವರೋ ಎಂಬ ಮೂರು ಸಂಖ್ಯೆಗಳನ್ನು ಕೂಗಿ ಹೇಳಬೇಕು. ಸಾಂಪ್ರದಾಯಿಕ ಲೆಕ್ಕದಲ್ಲಿ ಎಸೆಯುವ ಪಕ್ಷಕ್ಕೆ ಮಾತ್ರ ಅಂಕ. 11 ಅಂಕ, ಎರಡರ ಅಂತರವಿದ್ದರೆ ಗೆಲುವು.

ಆಟದ ಮುಂದಿನ ಬೆಳವಣಿಗೆ ನಿಧಾನವಾದುದು. 1967ರಲ್ಲಿ ನೆರೆಮನೆಯವರ ಹಿತ್ತಿಲಲ್ಲಿ ಮೊದಲ ಶಾಶ್ವತ ಅಂಕಣ, 1972ರಲ್ಲಿ ಒಂದು ಸಂಸ್ಥೆ, 1976ರಲ್ಲಿ ಸಿಯಾಟಲ್ ಬಳಿಯ ಟಕ್‌ವಿಲಾದಲ್ಲಿ ಮೊದಲ ಪಂದ್ಯಾವಳಿ. 1984ರಲ್ಲಿ ನಿಯಮಗಳ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ಬೋಯಿಂಗ್ ಸಂಸ್ಥೆಯ ಆರ್ಲನ್ ಪರಾಂಟೊ ಎಂಬ ಎಂಜಿನಿಯರು ವಿಮಾನಗಳ ನೆಲಹಾಸಿಗೆ ಬಳಸುವ ಜೇನುಗೂಡಿನಂತಹ ಹಗುರ ಫಲಕದಿಂದ ದಾಂಡು ಮಾಡಿದರು. ಮರದ ದಾಂಡಿನ ಭಾರ ಇಳಿದದ್ದು ಹಿರಿಯರ ಮಣಿಕಟ್ಟಿಗೆ ದೊಡ್ಡ ಉಪಕಾರವಾಯಿತು. 2001ರಲ್ಲಿ ಅರಿಜೋನಾ ರಾಜ್ಯದ ಹಿರಿಯರ ಕ್ರೀಡಾಕೂಟಕ್ಕೆ ಆಟ ಸೇರಿತು. ನಿವೃತ್ತರೇ ಅದನ್ನು ಊರೂರಿಗೆ ಹರಡಿದರು. ಮಕ್ಕಳ ಬೇಸರ ಕಳೆಯಲು ಹುಟ್ಟಿದ ಆಟವನ್ನು ಅಜ್ಜ ಅಜ್ಜಿಯರು ಸಾಕಿ ಬೆಳೆಸಿದರು. 2020ರ ಕೋವಿಡ್ ಕಾಲದ ನಂತರ ಯುವಕರು ಮುಗಿಬಿದ್ದರು. 2022ರಲ್ಲಿ ವಾಷಿಂಗ್ಟನ್ ರಾಜ್ಯವು ಅದನ್ನು ತನ್ನ ಅಧಿಕೃತ ಕ್ರೀಡೆಯೆಂದು ಘೋಷಿಸಿತು.

ನಮ್ಮ ದೇಶಕ್ಕೆ ಅದನ್ನು ತಂದವರು ಮುಂಬಯಿಯ ಸುನಿಲ್ ವಾಲಾವಲ್ಕರ್. 1999ರಲ್ಲಿ ಕೆನಡಾದಲ್ಲಿ ಆಟವನ್ನು ಕಂಡ ಅವರು 2008ರಲ್ಲಿ ಅಖಿಲ ಭಾರತ ಸಂಸ್ಥೆಯನ್ನು ಕಟ್ಟಿದರು. ಈ ಆಟಕ್ಕೆ ಅಂಕಣವನ್ನು ಕೊಟ್ಟ ಬ್ಯಾಡ್ಮಿಂಟನ್ ಕೂಡ 1870ರ ದಶಕದಲ್ಲಿ ಪುಣೆಯ ದಂಡುಪ್ರದೇಶದಲ್ಲಿ ನಿಯಮಗಳನ್ನು ಕಂಡುಕೊಂಡ ಆಟ. ಆದ್ದರಿಂದ ಪಿಕಲ್‌ಬಾಲ್ ಭಾರತಕ್ಕೆ ಬಂದದ್ದನ್ನು ಮೊಮ್ಮಗು ಅಜ್ಜನ ಮನೆಗೆ ಬಂದಂತೆ ಎನ್ನಬಹುದು. ಇಂದು ಬೆಂಗಳೂರಿನಲ್ಲಿಯೂ ಅಂಕಣಗಳಿಗೆ ಕೊರತೆಯಿಲ್ಲ.

ಊರಿಗೆ ಬಂದಮೇಲೆ ನಮ್ಮ ಬಡಾವಣೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಸುಣ್ಣದಿಂದ ಎರಡು ಗೆರೆ ಹೆಚ್ಚಿಗೆ ಎಳೆದು ಬಲೆಯನ್ನು ತಗ್ಗಿಸಿದ್ದೇನೆ. ಭಾನುವಾರ ಬೆಳಿಗ್ಗೆ ಮಕ್ಕಳು ಬರುತ್ತಾರೆ. ನಾನು ಯಾರನ್ನೂ ಆರಿಸುವುದಿಲ್ಲ. ಬಂದ ಸಾಲಿನಲ್ಲಿಯೇ ಎಲ್ಲರ ಸರದಿ. ಬೇಲಿಯಾಚೆ ಹೋದ ಚೆಂಡನ್ನು ಹೆಕ್ಕುವ ಕೆಲಸ ನನ್ನದು.

ದಪ್ಪ ಕನ್ನಡಕದ ಆ ಹುಡುಗ ಈಗ ಐವತ್ತು ದಾಟಿರಬೇಕು. ಅಪ್ಪಾ, ಇದನ್ನು ನೀನು ಓದಿದರೆ ಒಂದು ಭಾನುವಾರ ಬಾ. ನಾನು ಅಂದು ಹೇಳಿದ ಪಂದ್ಯಾವಳಿ ಮುಗಿದಿದೆ. ನಿನ್ನ ಸರದಿ ಬಾಕಿ ಇದೆ.

ಇತಿ ನಿಮ್ಮ ಪ್ರೀತಿಯ ಮೇಷ್ಟರು