ನಮ್ಮೂರಿನ ಚಿತ್ರಕ್ಕೆ ಎಷ್ಟು ಅಂಕ?

ಬ್ಯಾಂಕಿನಲ್ಲಿ ಇದ್ದವರಿಗೆ ನಿವೃತ್ತಿಯಾದ ಮೇಲೆ ಎರಡು ಕೆಲಸ ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಒಂದು, ಹೌಸಿಂಗ್ ಸೊಸೈಟಿಯ ಲೆಕ್ಕಪತ್ರ ನೋಡುವುದು. ಇನ್ನೊಂದು, ಯಾವುದಾದರೂ ಸ್ಪರ್ಧೆಗೆ ನಿರ್ಣಾಯಕನಾಗಿ ಕೂರುವುದು. "ನೀವು ಲೆಕ್ಕದ ಮನುಷ್ಯಾರು, ಅಂಕ ಕೊಡೂದ್ರಾಗ ಅನ್ಯಾಯ ಮಾಡೂದಿಲ್ಲ" ಎಂಬ ಒಂದೇ ಅರ್ಹತೆಯ ಮೇಲೆ ಪುಣೆಯ ನಮ್ಮ ಭಾಗದ ಕನ್ನಡಿಗರು ಒಂದು ರಾಜ್ಯೋತ್ಸವಕ್ಕೆ ಮಕ್ಕಳ ಪೇಸ್ಟಲ್ ಚಿತ್ರ ಸ್ಪರ್ಧೆಯಲ್ಲಿ ನನ್ನನ್ನು ಕೂರಿಸಿಬಿಟ್ಟರು. ನನಗೆ ಚಿತ್ರಕಲೆ ಏನೂ ಗೊತ್ತಿಲ್ಲ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಮೂವರು. ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರು, ಮರಾಠಿಯವರು, ಶಾಲೆಯಲ್ಲಿ ಸರ್ವಿಸ್ ಪೂರ್ತಿ ಬಣ್ಣದ ಜೊತೆ ಕಳೆದವರು. ಇನ್ನೊಬ್ಬರು ಒಬ್ಬ ಡಾಕ್ಟರರ ಪತ್ನಿ, ಮನೆಯಲ್ಲೇ ಚಿತ್ರಕಲೆಯ ಕ್ಲಾಸು ನಡೆಸುವವರು. ಮೂರನೆಯವನು ನಾನು. ಅಂಕದ ಹಾಳೆ ನಾನೇ ಗೆರೆ ಹೊಡೆದು ಮಾಡಿದ್ದು: ವಿಷಯಕ್ಕೆ 25, ರಚನೆಗೆ 25, ಬಣ್ಣಕ್ಕೆ 25, ಫಿನಿಶಿಂಗ್‌ಗೆ 25. ಕೂಡಿದರೆ 100. ವಿಷಯ ‘ನಮ್ಮೂರು’. ಕಾಲು ಶೀಟು ಕಾಗದ, ಎರಡು ತಾಸು ಸಮಯ.

ಮಕ್ಕಳು ನಲವತ್ತರ ಮೇಲಿದ್ದರು. ಮುಗಿದ ಮೇಲೆ ಚಿತ್ರಗಳನ್ನೆಲ್ಲ ಹಾಲಿನ ನೆಲದ ಮೇಲೆ ಹರಡಿದೆವು. ನೋಡ್ತೀನಿ, ಎಲ್ಲಾ ಒಂದೇ ಊರು! ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಹೊಳೆಯ ದಂಡೆಗೆ ಹೆಂಚಿನ ಮನೆ, ಒಂದು ತೆಂಗಿನ ಮರ, ನಾಲ್ಕು ಹಕ್ಕಿ. ಬೀದರದವರ ಮಗನದೂ ಅದೇ ಊರು, ಕುಂದಾಪುರದವರ ಮೊಮ್ಮಗಳದೂ ಅದೇ ಊರು. ಪುಣೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು, ಊರು ಅಂದರೆ ಮೇ ತಿಂಗಳ ಹತ್ತು ದಿನ. ಅವರಾದರೂ ಏನು ಮಾಡಿಯಾರು?

ಒಂದು ಚಿತ್ರ ಮಾತ್ರ ಬೇರೆ ಇತ್ತು. ಸಮೀಪದಲ್ಲಿ ಕಟ್ಟುತ್ತಿದ್ದ ಕಟ್ಟಡದ ಕೂಲಿಗಳು ಕಲಬುರಗಿ, ಯಾದಗಿರಿ ಕಡೆಯವರು ಅಂತ ಗೊತ್ತಾಗಿ ನಮ್ಮ ಹುಡುಗರು ಅಲ್ಲಿಂದ ಮೂರು ಮಕ್ಕಳನ್ನು ಕರೆತಂದಿದ್ದರು. ಅದರಲ್ಲಿ ಒಂಬತ್ತು ಹತ್ತು ವರ್ಷದ ಒಂದು ಹುಡುಗಿ. ಯಾರೋ ಕೊಟ್ಟ 12 ಬಣ್ಣದ ಡಬ್ಬಿ, ಅದರಲ್ಲಿ ಅರ್ಧ ಮುರಿದ ತುಂಡುಗಳು. ಕಾಗದದ ಎಡಗಡೆ ಸಾಲಾಗಿ ತಗಡಿನ ಶೆಡ್ಡು, ಮೇಲೆ ನೀಲಿ ತಾಡಪತ್ರಿ, ನೀರಿನ ಡ್ರಮ್ಮು. ನಡುವೆ ಒಂದು ಕೆಂಪು ಬಸ್ಸು, ಕಿಟಕಿ ಕಿಟಕಿಗೂ ಒಂದೊಂದು ಮುಖ. ಬಲಗಡೆ ಅರ್ಧ ಹಾಳೆ ಖಾಲಿ.

"ನಿಮ್ಮೂರು ಎಲ್ಲೈತವ್ವ ಇದ್ರಾಗ?" ಅಂತ ಕೇಳಿದೆ.

"ಮುಂದ ಅದ ರೀ ಅಜ್ಜಾ. ಬಸ್ಸು ಇನ್ನಾ ಮುಟ್ಟಿಲ್ಲ" ಅಂದಳು.

ನಾನು ನಕ್ಕು ಮುಂದೆ ಹೋದೆ. ಮಾಸ್ತರು ಆ ಚಿತ್ರ ನೋಡಿ ಬಹಳ ಸೌಮ್ಯವಾಗಿಯೇ "ಫಿನಿಶಿಂಗ್ ನಾಹೀ" ಅಂದರು. ಅರ್ಧ ಹಾಳೆ ಖಾಲಿ ಬಿಟ್ಟವರಿಗೆ ರಚನೆಯಲ್ಲಿ ಅಂಕ ಹೇಗೆ ಕೊಡುವುದು? ಫಿನಿಶಿಂಗ್‌ಗೆ ನಾನು 25ಕ್ಕೆ 9 ಕೊಟ್ಟೆ. ಕೂಡಿದರೆ 61. ಗುಡ್ಡ, ಸೂರ್ಯ, ತೆಂಗಿನ ಮರವನ್ನು ಒಂದಿಷ್ಟೂ ಗೆರೆ ದಾಟದ ಹಾಗೆ ಬಣ್ಣ ತುಂಬಿದ ಒಬ್ಬ ಹುಡುಗನಿಗೆ 84, ಮೊದಲ ಬಹುಮಾನ. ಲೆಕ್ಕದಲ್ಲಿ ತಪ್ಪಿಲ್ಲ, ಮೂರು ಸಲ ಕೂಡಿ ನೋಡಿದ್ದೆ. ಆದರೂ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ಬ್ಯಾಂಕಿನಲ್ಲಿ ಟೋಟಲ್ ಸರಿ ಬಂದರೂ ಲೆಕ್ಕ ತಪ್ಪಾಗಿರುವುದುಂಟು. ಎಂಟ್ರಿ ಬೇರೆ ಹೆಡ್ಡಿಗೆ ಬಿದ್ದಿರುತ್ತದೆ. ಇಲ್ಲಿ ಅಂಥದ್ದೇನೋ ಆಗಿದೆ ಅನ್ನಿಸಿತು. ಫಿನಿಶಿಂಗ್ ಅನ್ನುವ ಈ ಕಾಲಮ್ಮು ನಮ್ಮ ತಲೆಯೊಳಗೆ ಎಲ್ಲಿಂದ ಬಂತು ಅಂತ ಹುಡುಕಲು ಹೊರಟೆ. ಹುಡುಕಿದ್ದು ಮೊದಲು ತಂದು ಬಿಟ್ಟಿದ್ದು ಪುಣೆಯ ಶನಿವಾರವಾಡೆಗೇ.

1790ರ ದಶಕ. ಪೇಶ್ವೆಯ ಗದ್ದುಗೆಯ ಮೇಲೆ ಸವಾಯಿ ಮಾಧವರಾವ್, ಕಾರಭಾರ ನಾನಾ ಫಡ್ನವೀಸರದು. ದರಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು ಚಾರ್ಲ್ಸ್ ಮ್ಯಾಲೆಟ್. ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಗಾರ 1792ರಲ್ಲಿ ಪುಣೆಗೆ ಬಂದು ಪೇಶ್ವೆಯ ಚಿತ್ರ ಬರೆದ. ಅವನ ಕೈಕೆಳಗೆ ಇಲ್ಲಿನ ಹುಡುಗರು ಕಲಿಯಲಿ ಅಂತ ಶನಿವಾರವಾಡೆಯೊಳಗೇ ಒಂದು ಚಿತ್ರಶಾಲೆ ಶುರುವಾಯಿತು. ಪಾಶ್ಚಾತ್ಯ ರೀತಿಯಲ್ಲಿ ಭಾರತೀಯರಿಗೆ ಚಿತ್ರ ಕಲಿಸಿದ ಮೊದಮೊದಲ ಶಾಲೆಗಳಲ್ಲಿ ಇದೊಂದು. ಅಲ್ಲಿ ಕಲಿತವರಲ್ಲಿ ಇಂದಿಗೂ ಹೆಸರು ಉಳಿದಿರುವವನು ಗಂಗಾರಾಮ ತಾಂಬಟ. ತಾಂಬಟ ಅಂದರೆ ತಾಮ್ರದ ಪಾತ್ರೆ ಬಡಿಯುವವರು. ಪುಣೆಯ ಕಸಬಾ ಪೇಠೆಯಲ್ಲಿ ಅವರ ತಾಂಬಟ ಆಳಿ ಈಗಲೂ ಇದೆ. ಗಂಗಾರಾಮ ವೇರೂಳಿನ, ಅಂದರೆ ನಾವು ಎಲ್ಲೋರಾ ಅನ್ನುವ, ಗುಹೆಗಳನ್ನು ಕಣ್ಣಾರೆ ನೋಡಿ ಬರೆದ.

ಆದರೆ 1795ರಲ್ಲಿ ಪೇಶ್ವೆ ಮಾಡದ ಮೇಲಿಂದ ಬಿದ್ದು ತೀರಿಕೊಂಡ. ಅದೇ ವರ್ಷ ವೇಲ್ಸನೂ ತೀರಿಕೊಂಡ. ಶಾಲೆಯ ಕಥೆ ಅಲ್ಲಿಗೇ ಮುಗಿಯಿತು. 1803ರಲ್ಲಿ ಲಂಡನ್ನಿನಲ್ಲಿ ಎಲ್ಲೋರಾದ ಚಿತ್ರಗಳ ದೊಡ್ಡ ಪುಸ್ತಕವೊಂದು ಬಂತು. ಅದರಲ್ಲಿ ಹೆಸರು ಇದ್ದದ್ದು ವೇಲ್ಸ್ ಮತ್ತು ಥಾಮಸ್ ಡೇನಿಯಲ್ ಅವರದು. ಗಂಗಾರಾಮನ ಕೈಚಿತ್ರಗಳು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಪುಣೆಯ ಹುಡುಗ ನೋಡಿ ಬರೆದದ್ದನ್ನು ಪುಣೆಯವರು ನೋಡಬೇಕೆಂದರೆ ಸಮುದ್ರ ದಾಟಬೇಕು.

ಮುಂದಿನ ಕಥೆ ಮುಂಬಯಿಯದು. ಜಮ್‌ಶೆಟ್‌ಜಿ ಜೀಜೀಭಾಯಿ ಎಂಬ ಪಾರ್ಸಿ ವ್ಯಾಪಾರಿ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ತೆರೆಯಿತು. ಅಂದಿನ ಸರಕಾರಕ್ಕೆ ಬೇಕಾಗಿದ್ದವರು ಒಳ್ಳೇ ಕುಶಲಕರ್ಮಿಗಳು, ನಕ್ಷೆ ತೆಗೆಯುವವರು. ಹಾಗಾಗಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿ ಇಲ್ಲಿಗೆ ಬಂತು: ಮೊದಲು ಮಾದರಿ ನೋಡಿ ಗೆರೆ, ಆಮೇಲೆ ರೇಖಾಗಣಿತ, ಆಮೇಲೆ ಎದುರಿಗಿಟ್ಟ ವಸ್ತು. ಕೈ ನಡುಗಬಾರದು, ಗೆರೆ ದಾಟಬಾರದು. ಇದರಿಂದ ಹುಟ್ಟಿದ್ದೇ ಗ್ರೇಡ್ ಪರೀಕ್ಷೆಗಳು. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್. ನಮ್ಮಲ್ಲಿ ಲೋವರ್, ಹೈಯರ್.

1956ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲಾ ಮುಂಬಯಿ ಸರಕಾರದ ಕೆಳಗೆ ಇದ್ದವಲ್ಲ, ಹಾಗಾಗಿ ನಮ್ಮ ಕಡೆಯ ಹಳೇ ಡ್ರಾಯಿಂಗ್ ಮಾಸ್ತರರೂ ಮುಂಬಯಿಯ ಪರೀಕ್ಷೆಯವರೇ. ಜೆ.ಜೆ.ಯಲ್ಲಿ ಕಲಿತ ಡಿ.ವಿ. ಹಾಲಭಾವಿ ಅವರು 1930ರ ದಶಕದಲ್ಲಿ ಧಾರವಾಡಕ್ಕೆ ಬಂದು ಕಲಾಶಾಲೆ ತೆರೆದರು. ಈ ಪದ್ಧತಿಯನ್ನು ಬರೀ ಬೈಯುವುದು ನ್ಯಾಯವಲ್ಲ. ಬಡವರ ಮನೆಯ ಎಷ್ಟೋ ಹುಡುಗರಿಗೆ ಕೈ ಪಳಗಿಸಿ, ಕೈಗೊಂದು ಸರ್ಟಿಫಿಕೇಟು ಕೊಟ್ಟು, ನೌಕರಿ ಕೊಡಿಸಿದ್ದು ಇದೇ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಗೆ ಬಂದು 1938ರಲ್ಲಿ ಜೆ.ಜೆ.ಯಿಂದ ಡಿಪ್ಲೊಮಾ ಪಡೆದರು, ಅಲ್ಲೇ ಕೆಲವು ವರ್ಷ ಪಾಠವನ್ನೂ ಹೇಳಿದರು. 1996ರಲ್ಲಿ ತೀರಿಕೊಳ್ಳುವ ತನಕ ಮುಂಬಯಿಯೇ ಅವರ ಮನೆ. ಆದರೆ ಕೋಳಿ ಅಂಕ, ಯಕ್ಷಗಾನ ಅವರ ಚಿತ್ರಗಳಿಗೆ ಬರುತ್ತಲೇ ಇದ್ದವು. ಅಂದರೆ ಶಾಲೆ ಕೈಯನ್ನು ಪಳಗಿಸಬಹುದು, ಊರನ್ನು ಮಾತ್ರ ನಾವೇ ತರಬೇಕು.

ಇನ್ನು ಆ ಪೇಸ್ಟಲ್ ಕಡ್ಡಿಯ ಕಥೆ ಕೇಳಿ. ಇದು ನನಗೆ ನಿಜವಾಗಿ ಆಶ್ಚರ್ಯ ತಂದದ್ದು.

ಪೇಸ್ಟಲ್ ಎಂಬ ಹೆಸರು ಇಟಲಿಯ ಮಾತಿನಿಂದ ಬಂದದ್ದು, ಕಲಸಿದ ಮುದ್ದೆ ಅಂತ ಅರ್ಥ. ಬಣ್ಣದ ಪುಡಿ, ಸುಣ್ಣದಂಥ ಬಿಳಿ ಪುಡಿ, ಸ್ವಲ್ಪ ಅಂಟು ಸೇರಿಸಿ ಕಡ್ಡಿ ಮಾಡಿ ಒಣಗಿಸುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ವೆನಿಸಿನ ರೊಸಾಲ್ಬಾ ಕ್ಯಾರಿಯೆರಾ ಎಂಬ ಹೆಣ್ಣುಮಗಳು ಇದರಲ್ಲಿ ಮುಖಚಿತ್ರ ಬರೆದು ಯುರೋಪಿನ ಅರಮನೆಗಳಲ್ಲೆಲ್ಲ ಹೆಸರು ಮಾಡಿದಳು. ಆಮೇಲೆ ಫ್ರಾನ್ಸಿನ ದೆಗಾ. ಆದರೆ ಅದು ಒಣ ಪೇಸ್ಟಲ್, ಕೈ ತಾಗಿದರೆ ಉದುರುತ್ತದೆ. ನಮ್ಮ ಮಕ್ಕಳ ಕೈಯಲ್ಲಿರುವುದು ಆಯಿಲ್ ಪೇಸ್ಟಲ್. ಅದು ಹುಟ್ಟಿದ್ದು ಜಪಾನಿನಲ್ಲಿ, ಮಕ್ಕಳಿಗಾಗಿಯೇ.

ಅಲ್ಲಿಯೂ ಆಗ ಸರಕಾರಿ ಪುಸ್ತಕದ ಮಾದರಿ ನೋಡಿ ಅದನ್ನೇ ಇಳಿಸುವುದೇ ಚಿತ್ರದ ಪಾಠ. ಕನಾಯೆ ಯಾಮಾಮೊಟೊ ಎಂಬ ಚಿತ್ರಗಾರ ಫ್ರಾನ್ಸಿನಿಂದ ಊರಿಗೆ ಮರಳುವಾಗ 1916ರಲ್ಲಿ ಮಾಸ್ಕೋದಲ್ಲಿ ಇಳಿದ. ಅಲ್ಲಿ ಮಕ್ಕಳ ಚಿತ್ರಗಳನ್ನು ನೋಡಿ ಅವನ ಕಣ್ಣು ತೆರೆಯಿತು. 1919ರಲ್ಲಿ ನಾಗಾನೋ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ತಾವು ಕಂಡದ್ದನ್ನೇ ಬರೆದ ಚಿತ್ರಗಳ ಪ್ರದರ್ಶನ ಇಟ್ಟ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ ಎಂಬವನು 1897ರಲ್ಲೇ ಇಂಥದೊಂದು ಮಕ್ಕಳ ಕ್ಲಾಸು ತೆರೆದಿದ್ದ. ಜಪಾನಿನ ಈ ಚಳವಳಿ ಹಬ್ಬಿದಾಗ ಮಕ್ಕಳಿಗೆ ಬೇರೆ ಬಣ್ಣ ಬೇಕಾಯಿತು. ಮೇಣದ ಕ್ರೇಯಾನ್ ಗಟ್ಟಿ, ಬಣ್ಣ ಬೆರೆಯುವುದಿಲ್ಲ. ಒಣ ಪೇಸ್ಟಲ್ ಉದುರುತ್ತದೆ. ಎರಡರ ನಡುವಿನದು ಬೇಕು ಅಂತ ಸಕುರಾ ಕಂಪನಿಯವರು ಬಣ್ಣಕ್ಕೆ ಮೇಣವನ್ನೂ ಎಣ್ಣೆಯನ್ನೂ ಕೂಡಿಸಿ 1925ರಲ್ಲಿ ಕ್ರೇ-ಪಾಸ್ ತಂದರು. ಮೊದಮೊದಲು ಬಿಸಿಲಿಗೆ ಮೆತ್ತಗಾಗುವುದು, ಚಳಿಗೆ ಬಿರುಸಾಗುವುದು. ಅದಕ್ಕೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬೇರೆ ಬೇರೆ ಮಾಡುತ್ತಿದ್ದರಂತೆ! ದೊಡ್ಡವರಿಗೆ ಇದರ ಬೆಲೆ ಗೊತ್ತಾಗಿದ್ದು ತಡವಾಗಿ. ಪ್ಯಾರಿಸಿನ ಸೆನೆಲಿಯೇ ಅಂಗಡಿಯವರು ಪಿಕಾಸೋ ಅಂಥವರಿಗಾಗಿ ಆಯಿಲ್ ಪೇಸ್ಟಲ್ ಮಾಡಿದ್ದು 1949ರಲ್ಲಿ. ಅದೇ ವರ್ಷ ದಿಲ್ಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ ಮಕ್ಕಳ ಚಿತ್ರ ಸ್ಪರ್ಧೆ ಶುರುಮಾಡಿದರು. ಅದು ಮುಂದೆ ದೇಶ ವಿದೇಶದ ಮಕ್ಕಳ ಸ್ಪರ್ಧೆಯಾಗಿ ಬೆಳೆಯಿತು.

ಇದನ್ನೆಲ್ಲ ಓದಿದ ಮೇಲೆ ನನ್ನ ಎಂಟ್ರಿ ಎಲ್ಲಿ ತಪ್ಪು ಹೆಡ್ಡಿಗೆ ಬಿದ್ದಿತ್ತು ಎಂಬುದು ತಿಳಿಯಿತು. ಮಾದರಿ ನೋಡಿ ಇಳಿಸುವುದು ಸಾಕು ಅಂತ ಹೊರಟವರ ಮಕ್ಕಳಿಗಾಗಿ ಹುಟ್ಟಿದ ಬಣ್ಣ ನಮ್ಮ ಮಕ್ಕಳ ಕೈಯಲ್ಲಿತ್ತು. ಅಂಕದ ಹಾಳೆ ಮಾತ್ರ ನಕ್ಷೆ ತೆಗೆಯುವವರನ್ನು ಆರಿಸುವವರದು. ಕಡ್ಡಿ 1925ರದು, ಕಾಲಮ್ಮು ಅದಕ್ಕೂ ಹಳೆಯದು. ಎರಡು ಗುಡ್ಡದ ನಡುವಿನ ಸೂರ್ಯ ಯಾರ ಊರಿನದೂ ಅಲ್ಲ. ಅದು ಕ್ಲಾಸಿನಿಂದ ಕ್ಲಾಸಿಗೆ ಇಳಿದುಬಂದ ಮಾದರಿ. ಆ ಹುಡುಗಿ ಒಬ್ಬಳೇ ತನ್ನ ಊರನ್ನು ಬರೆದಿದ್ದಳು. ಬಸ್ಸು ಇನ್ನೂ ಮುಟ್ಟದ ಊರಿಗೆ ಹಾಳೆಯಲ್ಲಿ ಜಾಗ ಬಿಟ್ಟಿದ್ದಳು. ಹಾಗೆ ನೋಡಿದರೆ ಈ ಊರಿನಲ್ಲಿ ನಾವೆಲ್ಲ ಇರುವುದೂ ಹಾಗೇ ಅಲ್ಲವೆ? ಫ್ಲ್ಯಾಟ್ ಕೊಂಡಿದ್ದೇವೆ, ಮಕ್ಕಳ ಮದುವೆ ಮಾಡಿದ್ದೇವೆ, ಊರು ಮುಂದೆ ಎಲ್ಲೋ ಇದೆ ಅಂತ ಅರ್ಧ ಹಾಳೆ ಖಾಲಿ ಬಿಟ್ಟುಕೊಂಡಿದ್ದೇವೆ.

ಮೊದಲ ಬಹುಮಾನ ಬಂದ ಹುಡುಗನದೇನೂ ತಪ್ಪಿಲ್ಲ. ದೊಡ್ಡವರು ಏನನ್ನು ಮೆಚ್ಚುತ್ತಾರೋ ಅದನ್ನು ಶ್ರದ್ಧೆಯಿಂದ ಮಾಡಿದ್ದ. ಮಾಸ್ತರರದೂ ತಪ್ಪಿಲ್ಲ. ಆಮೇಲೆ ಒಂದು ದಿನ ಚಹಾಕ್ಕೆ ಕರೆದು ಇದೆಲ್ಲ ಹೇಳಿದೆ. ಸುಮ್ಮನೆ ಕೇಳಿದರು. ಗ್ರೇಡ್ ಪರೀಕ್ಷೆಯಲ್ಲಿ ಸ್ಮರಣಚಿತ್ರ ಅಂತ ಒಂದು ಪೇಪರು ಇದೆ, ನೆನಪಿನಿಂದ ಬರೆಯುವುದು, ಅದಕ್ಕೂ ತಾವು ಮಕ್ಕಳಿಗೆ ಐದಾರು ಚಿತ್ರ ಬಾಯಿಪಾಠ ಮಾಡಿಸುತ್ತಿದ್ದೆವು ಅಂದರು. ನೆನಪನ್ನೂ ಬಾಯಿಪಾಠ ಮಾಡಿಸಿದೆವು ಅಂತ ನಕ್ಕರು, ಆದರೆ ಮುಖ ನಗುತ್ತಿರಲಿಲ್ಲ.

ಮರುವರ್ಷ ಅಂಕದ ಹಾಳೆ ಬದಲಿಸಿದೆವು. ಫಿನಿಶಿಂಗ್‌ಗೆ 10. ‘ಮಗು ತಾನೇ ಕಂಡದ್ದು’ ಎಂಬ ಕಾಲಮ್ಮಿಗೆ 40. ಬಣ್ಣದ ಡಬ್ಬಿ ಎಲ್ಲರಿಗೂ ಒಂದೇ ಥರದ್ದು, ಸಂಘಟಕರೇ ಕೊಡುವುದು. ಅಂಕ ಹಾಕುವ ಮೊದಲು ಪ್ರತಿ ಮಗುವಿನ ಹತ್ತಿರ ಕೂತು ಒಂದು ನಿಮಿಷ ಮಾತಾಡಿಸುವುದು. ಆ ಸಲವೂ ಗುಡ್ಡ ಸೂರ್ಯ ಬಂದವು, ಸ್ವಲ್ಪ ಕಡಿಮೆ. ಒಬ್ಬ ಹುಡುಗ ಅಜ್ಜಿ ಫೋನಿನಲ್ಲಿ ಅಳುವುದನ್ನು ಬರೆದಿದ್ದ.

ಆ ಹುಡುಗಿಯನ್ನು ಕರೆಯಲು ಹೋದಾಗ ಕಟ್ಟಡ ಮುಗಿದಿತ್ತು. ಶೆಡ್ಡು ಕಿತ್ತು ಅಲ್ಲಿ ಕಾರು ನಿಲ್ಲಿಸಲು ಫರಸಿ ಹಾಕಿದ್ದರು. ಕೂಲಿಗಳು ಬೇರೆ ಸೈಟಿಗೆ ಹೋದರೋ, ಊರಿಗೇ ಹೋದರೋ, ವಾಚ್‌ಮನ್ನನಿಗೂ ಗೊತ್ತಿರಲಿಲ್ಲ. ಬಹುಮಾನ ಬಾರದ ಚಿತ್ರಗಳನ್ನು ಯಾರೂ ಒಯ್ದಿರಲಿಲ್ಲವಾದ್ದರಿಂದ ಅವಳ ಚಿತ್ರ ನನ್ನ ಹತ್ತಿರವೇ ಉಳಿದಿದೆ. ಆಯಿಲ್ ಪೇಸ್ಟಲ್ ಪೂರ್ತಿ ಒಣಗುವುದೇ ಇಲ್ಲವಂತೆ, ಅದಕ್ಕೆ ಮೇಲೊಂದು ಬಟರ್ ಪೇಪರ್ ಹಾಕಿ ಫೈಲಿನಲ್ಲಿ ಇಟ್ಟಿದ್ದೇನೆ. ಹಿಂದುಗಡೆ ನನ್ನದೇ ಅಕ್ಷರದಲ್ಲಿ 61 ಅಂತ ಇದೆ. ಬ್ಯಾಂಕಿನಲ್ಲಿ ತಪ್ಪು ಅಂಕಿಯನ್ನು ಅಳಿಸುವ ಹಾಗಿಲ್ಲ, ಗೆರೆ ಎಳೆದು ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು. ಗೆರೆ ಎಳೆದು ಸಹಿ ಮಾಡಿದ್ದೇನೆ. ಪಕ್ಕದಲ್ಲಿ ಎಷ್ಟು ಬರೆಯಬೇಕು ಅಂತ ಇನ್ನೂ ತಿಳಿದಿಲ್ಲ.