ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್: ಹವ್ಯಾಸಿ ಅರ್ಹತೆಯ ತೀರ್ಪುಗಳು

ಆಟದಿಂದ ಹಣ ಪಡೆದವನು ಅಮೆರಿಕದ ಕಾಲೇಜು ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು. ಅದನ್ನು ಒಬ್ಬೊಬ್ಬ ಆಟಗಾರನಿಗೆ ಅನ್ವಯಿಸಿ, ಅವನು ಹವ್ಯಾಸಿಯೋ ವೃತ್ತಿಪರನೋ ಎಂದು ಹೇಳುವ ಅಧಿಕಾರ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ (ಎನ್‌ಸಿಎಎ) ಕೈಯಲ್ಲಿತ್ತು. ಬಹುಪಾಲು ಈಗಲೂ ಇದೆ. ನಿಯಮ ಇರಬೇಕೇ ಎಂಬುದು ಒಂದು ವಾದ, ಅದರಡಿ ಬಂದ ತೀರ್ಪುಗಳು ನ್ಯಾಯವಾಗಿದ್ದವೇ ಎಂಬುದು ಬೇರೆಯೇ ವಾದ. ಈ ಲೇಖನ ಎರಡನೆಯದನ್ನು ಕುರಿತದ್ದು. ನಿಯಮ ಬರೆಯುವುದು, ತನಿಖೆ ಮಾಡುವುದು, ತೀರ್ಪು ಕೊಡುವುದು ಮೂರೂ ಒಂದೇ ಸಂಸ್ಥೆಯ ಕೆಲಸವಾಗಿತ್ತು. ಹಣ ಕೊಟ್ಟವರು, ಕೇಳಿದವರು ಬಹುತೇಕ ದೊಡ್ಡವರು. ಅಂಗಳದ ಹೊರಗೆ ಕೂತದ್ದು ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗರು.

ಆರಂಭ

ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲನ್ನು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ರೂಪಿಸಿದ್ದು 1891ರಲ್ಲಿ. ಹದಿನೈದು ವರ್ಷಗಳ ನಂತರ, 1906ರಲ್ಲಿ, ಮುಂದೆ ಎನ್‌ಸಿಎಎ ಎನಿಸಿಕೊಂಡ ಸಂಘ ಹುಟ್ಟಿತು. ಅದಕ್ಕೆ ಕಾರಣವಾದದ್ದು ಫುಟ್‌ಬಾಲ್ ಮೈದಾನದ ಸಾವುನೋವುಗಳು. ಆದರೂ ಹಣ ಪಡೆದು ಆಡುವವರನ್ನು ದೂರವಿಡಬೇಕೆಂಬ ಮಾತು ಮೊದಲಿನಿಂದಲೇ ಅದರ ನಿಯಮಗಳಲ್ಲಿತ್ತು. ಜಾರಿ ಮಾಡುವ ಹಲ್ಲು ಮಾತ್ರ ಇರಲಿಲ್ಲ. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಕಾಲೇಜು ಕ್ರೀಡೆಯನ್ನು ಕುರಿತು ಪ್ರಕಟಿಸಿದ ವರದಿ, ಪರಿಶೀಲಿಸಿದ ಸಂಸ್ಥೆಗಳಲ್ಲಿ ಹೆಚ್ಚಿನವು ಆಟಗಾರರಿಗೆ ಒಂದಲ್ಲ ಒಂದು ದಾರಿಯಲ್ಲಿ ಹಣ ತಲುಪಿಸುತ್ತಿದ್ದುದನ್ನು ತೋರಿಸಿತು.

1948ರ ‘ಸ್ಯಾನಿಟಿ ಕೋಡ್’ ಈ ಗೊಂದಲಕ್ಕೆ ಕೊನೆ ಹಾಡುವ ಮೊದಲ ಗಂಭೀರ ಪ್ರಯತ್ನ. ಬಡತನ ಮತ್ತು ಓದು ನೋಡಿ ಮಾತ್ರ ನೆರವು ಕೊಡಬೇಕು, ಆಟ ನೋಡಿ ಅಲ್ಲ ಎಂದು ಅದು ಹೇಳಿತು. ಮುರಿದವರಿಗೆ ಇದ್ದದ್ದು ಒಂದೇ ಶಿಕ್ಷೆ: ಸಂಘದಿಂದ ಉಚ್ಚಾಟನೆ. 1950ರಲ್ಲಿ ಏಳು ಸಂಸ್ಥೆಗಳು ನಿಯಮ ಪಾಲಿಸಿಲ್ಲವೆಂದು ತೆರೆದ ಸಭೆಯಲ್ಲಿ ಒಪ್ಪಿಕೊಂಡಾಗ, ಅವುಗಳನ್ನು ಹೊರಹಾಕಲು ಬೇಕಾದ ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಮರುವರ್ಷ ಕೋಡ್ ಕೂಡ ಹೋಯಿತು. 1956ರಲ್ಲಿ ಆಟದ ಪ್ರತಿಭೆಗೇ ವಿದ್ಯಾರ್ಥಿವೇತನ ಕೊಡಬಹುದೆಂದಾಯಿತು. ಬೋಧನಾ ಶುಲ್ಕ, ಊಟ, ವಸತಿ, ಪುಸ್ತಕ ಇವಿಷ್ಟು ಪಡೆದವನು ಹವ್ಯಾಸಿ. ಅದರಾಚೆ ಒಂದು ಡಾಲರ್ ಮುಟ್ಟಿದರೂ ವೃತ್ತಿಪರ. ಮುಂದಿನ ಅರವತ್ತು ವರ್ಷಗಳ ತೀರ್ಪುಗಳೆಲ್ಲ ನಿಂತದ್ದು ಈ ಗೆರೆಯ ಮೇಲೆ.

ಅದೇ ಹೊತ್ತಿಗೆ, 1951ರಲ್ಲಿ, ಜೂಜುಕೋರರಿಂದ ಹಣ ಪಡೆದು ಗೆಲುವಿನ ಅಂತರ ಕಡಿಮೆ ಮಾಡಿದ ಹಗರಣ ಬಯಲಾಯಿತು. ಹಿಂದಿನ ವರ್ಷವಷ್ಟೇ ಎರಡು ರಾಷ್ಟ್ರೀಯ ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದಿದ್ದ ನ್ಯೂಯಾರ್ಕಿನ ಸಿಟಿ ಕಾಲೇಜು ಅದರಲ್ಲಿತ್ತು. ಕೆಂಟಕಿ ವಿಶ್ವವಿದ್ಯಾಲಯ 1952-53ರ ಇಡೀ ಋತು ಆಡಲಿಲ್ಲ. ಎನ್‌ಸಿಎಎಗೆ ಶಿಕ್ಷಿಸುವ ಶಕ್ತಿ ಬಂದದ್ದು ಇಲ್ಲಿಂದ.

ಆರೋಪವಿಲ್ಲದೆ ಹೊರಬಿದ್ದವನು

ಅನ್ಯಾಯದ ಉದಾಹರಣೆ ಕೇಳಿದರೆ ಹಳಬರು ಮೊದಲು ಹೇಳುವ ಹೆಸರು ಕಾನಿ ಹಾಕಿನ್ಸ್. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬಡ ಮನೆಯ ಹುಡುಗ, 1961ರಲ್ಲಿ ಅಯೊವಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಆಗ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತೆಯೇ ಇರಲಿಲ್ಲ. ಅಂದರೆ ಕೆಡಿಸಲು ಅವನಿಗೊಂದು ಪಂದ್ಯವೂ ಇರಲಿಲ್ಲ. ಆದರೆ ಜೂಜಿನ ಜಾಲ ನಡೆಸುತ್ತಿದ್ದ ಜ್ಯಾಕ್ ಮೊಲಿನಾಸ್‌ನಿಂದ ಅವನು 200 ಡಾಲರ್ ಸಾಲ ಪಡೆದಿದ್ದ, ಅದನ್ನು ಅವನ ಅಣ್ಣ ತೀರಿಸಿಯೂ ಇದ್ದ. ವಿಚಾರಣೆಗೆ ಕರೆದೊಯ್ದರು. ಬಂಧನವಾಗಲಿಲ್ಲ, ಆರೋಪಪಟ್ಟಿ ಬರಲಿಲ್ಲ. ಆದರೂ ಕಾಲೇಜಿನ ಬಾಗಿಲು ಮುಚ್ಚಿತು, ವೃತ್ತಿಪರ ಲೀಗ್ ಎನ್‌ಬಿಎ ಕೂಡ ಅವನನ್ನು ದೂರವಿಟ್ಟಿತು. ಮೊಕದ್ದಮೆ ಹೂಡಿ, 1969ರಲ್ಲಿ ರಾಜಿಯಾಗಿ ಫೀನಿಕ್ಸ್ ಸನ್ಸ್ ತಂಡ ಸೇರುವ ಹೊತ್ತಿಗೆ ಅವನ ಅತ್ಯುತ್ತಮ ವರ್ಷಗಳು ಪ್ರದರ್ಶನ ಪಂದ್ಯಗಳಲ್ಲಿ, ಸಣ್ಣ ಲೀಗುಗಳಲ್ಲಿ ಕಳೆದುಹೋಗಿದ್ದವು. 1992ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂತು.

ಇದಕ್ಕೆ ವ್ಯತಿರಿಕ್ತವಾಗಿ, ವಾದಕ್ಕೆ ಹೆಚ್ಚು ಜಾಗವಿಲ್ಲದ ಪ್ರಕರಣಗಳೂ ಇವೆ. 1971ರ ರಾಷ್ಟ್ರೀಯ ಟೂರ್ನಿಯಲ್ಲಿ ವಿಲನೋವಾದ ಹವರ್ಡ್ ಪೋರ್ಟರ್ ಶ್ರೇಷ್ಠ ಆಟಗಾರನೆನಿಸಿದ; ಅಷ್ಟರೊಳಗೆ ಅವನು ವೃತ್ತಿಪರ ತಂಡವೊಂದರ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು. ಪ್ರಶಸ್ತಿಯೂ ತಂಡದ ಎರಡನೇ ಸ್ಥಾನವೂ ದಾಖಲೆಯಿಂದ ಅಳಿಸಿಹೋದವು. ಮೂರನೇ ಸ್ಥಾನದ ವೆಸ್ಟರ್ನ್ ಕೆಂಟಕಿಗೂ ಇದೇ ಕಾರಣಕ್ಕೆ ಅದೇ ಗತಿಯಾಯಿತು.

ನ್ಯಾಯಾಲಯದ ಬಾಗಿಲು

ಎನ್‌ಸಿಎಎ ತೀರ್ಪು ಕೊಡುವಾಗ ಸಂವಿಧಾನದ ನ್ಯಾಯಪ್ರಕ್ರಿಯೆಗೆ ಬದ್ಧವೇ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ಆಟಗಾರನಲ್ಲ, ಕೋಚ್. ನೆವಾಡಾ-ಲಾಸ್ ವೇಗಸ್ ವಿಶ್ವವಿದ್ಯಾಲಯದ ಜೆರಿ ಟಾರ್ಕೇನಿಯನ್‌ನನ್ನು ಎರಡು ವರ್ಷ ಅಮಾನತಿನಲ್ಲಿಡಬೇಕೆಂದು 1977ರಲ್ಲಿ ಎನ್‌ಸಿಎಎ ಪಟ್ಟು ಹಿಡಿದಿತ್ತು; ಅವನು ತಡೆಯಾಜ್ಞೆ ತಂದ. ದೊಡ್ಡ ತಂಡಗಳನ್ನು ಬಿಟ್ಟು ಸಣ್ಣ ತಂಡಗಳನ್ನು ಹಿಡಿಯುವುದೇ ಎನ್‌ಸಿಎಎ ಪದ್ಧತಿ ಎಂದು ಅವನು ಸದಾ ಗೇಲಿ ಮಾಡುತ್ತಿದ್ದ. ಕೆಂಟಕಿಯ ಮೇಲೆ ಸಿಟ್ಟು ಬಂದರೆ ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಇನ್ನೆರಡು ವರ್ಷ ಶಿಕ್ಷೆ ಎಂಬರ್ಥದ ಅವನ ಚಟಾಕಿ ಪ್ರಸಿದ್ಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. 1988ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಎನ್‌ಸಿಎಎ ಖಾಸಗಿ ಸಂಸ್ಥೆ, ಸರ್ಕಾರದ ಅಂಗವಲ್ಲ, ಹಾಗಾಗಿ ಸಂವಿಧಾನದ ಆ ಕಟ್ಟಳೆ ಅದಕ್ಕೆ ಅನ್ವಯವಾಗದು ಎಂದಿತು. ನೆವಾಡಾ ರಾಜ್ಯ ತಾನೇ ಕಾನೂನು ಮಾಡಿ ಅಂಥ ರಕ್ಷಣೆ ಕೊಡಲು ನೋಡಿತು. 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಮಾಡಿತು. ಟಾರ್ಕೇನಿಯನ್ ಮಾತ್ರ ಬಿಡದೆ ಮತ್ತೊಂದು ದಾವೆ ಹೂಡಿ, 1998ರಲ್ಲಿ ಎನ್‌ಸಿಎಎಯಿಂದ 25 ಲಕ್ಷ ಡಾಲರ್ ಪಡೆದು ರಾಜಿಯಾದ.

ಆಟಗಾರರ ಮೇಲೆ ಸುಪ್ರೀಂ ಕೋರ್ಟಿನ ಆ ತೀರ್ಪಿನ ಪರಿಣಾಮ ದೊಡ್ಡದು. ಸಂದೇಹ ಬಂದೊಡನೆ ವಿಶ್ವವಿದ್ಯಾಲಯವೇ ತನ್ನ ಆಟಗಾರನನ್ನು ಅನರ್ಹನೆಂದು ಘೋಷಿಸಿ, ಆಮೇಲೆ ಮರುಸೇರ್ಪಡೆಗೆ ಎನ್‌ಸಿಎಎ ಮುಂದೆ ಅರ್ಜಿ ಹಾಕಬೇಕು. ಆಟಗಾರ ನ್ಯಾಯಾಲಯದಿಂದ ತಡೆಯಾಜ್ಞೆ ತಂದು ಆಡಿ, ಮುಂದೆ ಆ ಆಜ್ಞೆ ಬಿದ್ದುಹೋದರೆ, ಆಡಿಸಿದ ತಪ್ಪಿಗೆ ವಿಶ್ವವಿದ್ಯಾಲಯದ ಗೆಲುವುಗಳನ್ನೂ ಟೂರ್ನಿಯ ಹಣವನ್ನೂ ಕಿತ್ತುಕೊಳ್ಳಲು ಎನ್‌ಸಿಎಎಗೆ ನಿಯಮವಿತ್ತು. ಹೀಗಾಗಿ ನ್ಯಾಯಾಲಯದಲ್ಲಿ ಗೆದ್ದ ಹುಡುಗನನ್ನೂ ಕೋಚ್ ಅಂಗಳಕ್ಕಿಳಿಸಲು ಹಿಂಜರಿಯುತ್ತಿದ್ದ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ಅತ್ಯಂತ ಬಿಗಿಯಾದ ಗಂಟು ಇದೇ.

ಗೊತ್ತಿತ್ತೇ, ಗೊತ್ತಿರಲಿಲ್ಲವೇ

2008ರಿಂದ 2012ರವರೆಗಿನ ನಾಲ್ಕು ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟರೆ ತೀರ್ಪುಗಳ ಅಸಮತೆ ಎದ್ದು ಕಾಣುತ್ತದೆ.

ಮೆಂಫಿಸ್ ವಿಶ್ವವಿದ್ಯಾಲಯ 2007-08ರಲ್ಲಿ 38 ಪಂದ್ಯ ಗೆದ್ದು ಫೈನಲ್ ತಲುಪಿತು. ತಂಡದ ಡೆರಿಕ್ ರೋಸ್‌ಗೆ ಎನ್‌ಸಿಎಎಯ ಅರ್ಹತಾ ಕೇಂದ್ರವೇ ಒಪ್ಪಿಗೆ ಕೊಟ್ಟಿತ್ತು. ಋತು ಮುಗಿದ ಮೇಲೆ ಅವನ ಪ್ರವೇಶ ಪರೀಕ್ಷೆಯ ಅಂಕ ರದ್ದಾಯಿತು. ಯಾರಿಗೆ ಗೊತ್ತಿತ್ತು ಎಂಬುದು ಮುಖ್ಯವಲ್ಲ, ಅನರ್ಹನೊಬ್ಬ ಆಡಿದ್ದಷ್ಟೇ ಸಾಕು ಎಂಬ ತತ್ವದ ಮೇಲೆ 38 ಗೆಲುವುಗಳೂ ಅಳಿದವು. ಇದು ಹಣದ ವಿಷಯವಲ್ಲ, ಓದಿನ ಅರ್ಹತೆಯದು. ಆದರೆ ಇದನ್ನು ಬಿಟ್ಟು ಮುಂದಿನದು ಅರ್ಥವಾಗದು. 2010ರ ಡಿಸೆಂಬರಿನಲ್ಲಿ ಆಬರ್ನ್‌ನ ಫುಟ್‌ಬಾಲ್ ಆಟಗಾರ ಕ್ಯಾಮ್ ನ್ಯೂಟನ್‌ನ ತಂದೆ ಬೇರೊಂದು ವಿಶ್ವವಿದ್ಯಾಲಯದ ಬಳಿ ಮಗನಿಗಾಗಿ ಹಣ ಕೇಳಿದ್ದನೆಂದು ಎನ್‌ಸಿಎಎಯೇ ತೀರ್ಮಾನಿಸಿತು. ಮಗನಿಗೆ ಗೊತ್ತಿದ್ದುದಕ್ಕೆ ಸಾಕ್ಷಿಯಿಲ್ಲ ಎಂದು ಅವನನ್ನು ಕೂಡಲೇ ಆಡಲು ಬಿಟ್ಟರು. ಅರಿವು ಒಂದು ಕಡೆ ಲೆಕ್ಕಕ್ಕಿಲ್ಲ, ಇನ್ನೊಂದು ಕಡೆ ಅದೇ ಎಲ್ಲ.

ಅದೇ ಚಳಿಗಾಲದಲ್ಲಿ ಕೆಂಟಕಿಯ ಎನೆಸ್ ಕಾಂಟರ್‌ನ ಪ್ರಕರಣ ನಡೆಯುತ್ತಿತ್ತು. ಟರ್ಕಿಯಲ್ಲಿ ಬೆಳೆದ ಈ ಹುಡುಗ ಹದಿಹರೆಯದಲ್ಲೇ ಇಸ್ತಾಂಬುಲ್‌ನ ಫೆನರ್‌ಬಾಚೆ ಕ್ಲಬ್ಬಿಗೆ ಆಡಿದ್ದ. ಯುರೋಪಿನಲ್ಲಿ ಶಾಲಾ ತಂಡವೆಂಬ ಪದ್ಧತಿಯೇ ಅಷ್ಟಾಗಿಲ್ಲ. ಆಟ ಕಲಿಯಬೇಕೆಂದರೆ ಕ್ಲಬ್ ಸೇರಬೇಕು, ಕ್ಲಬ್ಬಿನ ಮೇಲಿನ ತಂಡ ವೃತ್ತಿಪರವೇ ಆಗಿರುತ್ತದೆ. ಎನ್‌ಸಿಎಎ ‘ವಾಸ್ತವ ಮತ್ತು ಅಗತ್ಯ ವೆಚ್ಚ’ದಷ್ಟನ್ನು ಮಾತ್ರ ಒಪ್ಪುತ್ತಿತ್ತು. ಕಾಂಟರ್ ಅದಕ್ಕಿಂತ ಸುಮಾರು 33,000 ಡಾಲರ್ ಹೆಚ್ಚು ಪಡೆದಿದ್ದಾನೆಂದು ಲೆಕ್ಕ ಹಾಕಿ 2010ರ ನವೆಂಬರಿನಲ್ಲಿ ಶಾಶ್ವತವಾಗಿ ಅನರ್ಹಗೊಳಿಸಿತು. 2011ರ ಜನವರಿಯಲ್ಲಿ ಮೇಲ್ಮನವಿಯೂ ಬಿತ್ತು. ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ಆಡದ ಅವನನ್ನು ಆ ವರ್ಷದ ಎನ್‌ಬಿಎ ಡ್ರಾಫ್ಟಿನಲ್ಲಿ ಮೂರನೆಯವನಾಗಿ ಯೂಟಾ ಜ್ಯಾಝ್ ಆರಿಸಿಕೊಂಡಿತು. ಎನ್‌ಸಿಎಎ ಪರವಾಗಿಯೂ ಒಂದು ಮಾತು ಹೇಳಬೇಕು: ಹಣ ಕಾಂಟರ್ ಮನೆಗೆ ನಿಜಕ್ಕೂ ತಲುಪಿತ್ತು, ನ್ಯೂಟನ್ ವಿಷಯದಲ್ಲಿ ತಲುಪಿದ್ದಕ್ಕೆ ಪುರಾವೆ ಇರಲಿಲ್ಲ. ಆದರೆ ಅಮೆರಿಕದ ಹುಡುಗರು ಇಂಥ ಹಣವನ್ನು ಮರಳಿಸಿ, ಕೆಲವು ಪಂದ್ಯ ಕೂತು ಎದ್ದು ಬರುತ್ತಿದ್ದ ಕಾಲದಲ್ಲಿ ‘ಶಾಶ್ವತ’ ಎಂಬ ಶಿಕ್ಷೆ ಭಾರಿಯಾಗಿಯೇ ಕಂಡಿತು.

ಯುಸಿಎಲ್‌ಎ ಸೇರಿದ ಷಬಾಜ್ ಮೊಹಮ್ಮದ್ ಪ್ರಕರಣ ತನಿಖೆಯ ಬಣ್ಣವನ್ನೇ ಬಯಲು ಮಾಡಿತು. ಅವನು ಎರಡು ವಿಶ್ವವಿದ್ಯಾಲಯಗಳನ್ನು ನೋಡಲು ಹೋದಾಗ ಕುಟುಂಬದ ಸ್ನೇಹಿತನೊಬ್ಬ ಖರ್ಚು ಕೊಟ್ಟಿದ್ದ ಎಂಬುದು ದೂರು. 2012ರ ನವೆಂಬರಿನಲ್ಲಿ ಯುಸಿಎಲ್‌ಎ ಋತುವಿನ ಮೊದಲ ಪಂದ್ಯದ ಹೊತ್ತಿಗೆ ಅನರ್ಹನೆಂಬ ತೀರ್ಪು ಬಂತು. ಕೆಲವೇ ದಿನಗಳಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಒಂದು ಸುದ್ದಿ ಹೊರತಂದಿತು: ತನಿಖಾಧಿಕಾರಿಯ ಗೆಳೆಯನೊಬ್ಬ ಆಗಸ್ಟಿನಲ್ಲೇ, ವಿಮಾನದಲ್ಲಿ ಎಲ್ಲರಿಗೂ ಕೇಳುವಂತೆ, ಆ ಹುಡುಗ ಆಡುವುದಿಲ್ಲ ಎಂದು ಹೇಳಿಕೊಂಡಿದ್ದ. ತನಿಖೆ ಮುಗಿಯುವ ಮುಂಚೆಯೇ ಫಲಿತಾಂಶ ನಿಶ್ಚಯವಾಗಿತ್ತು ಎಂಬ ಅನುಮಾನಕ್ಕೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಮೂರು ಪಂದ್ಯ ಕಳೆದುಕೊಂಡು, ಸುಮಾರು 1,600 ಡಾಲರ್ ದಾನ ಮಾಡುವ ಷರತ್ತಿನ ಮೇಲೆ ಅವನು ಮರಳಿದ.

ಎಫ್‌ಬಿಐ, ಆಯೋಗ, ವೈಸ್‌ಮನ್

2017ರ ಸೆಪ್ಟೆಂಬರಿನಲ್ಲಿ ಎಫ್‌ಬಿಐ, ಲಂಚ ಮತ್ತು ವಂಚನೆಯ ಆರೋಪದ ಮೇಲೆ, ಬೂಟು ಕಂಪನಿಯ ಅಧಿಕಾರಿಗಳನ್ನೂ ಸಹಾಯಕ ಕೋಚ್‌ಗಳನ್ನೂ ಬಂಧಿಸಿತು. ಲೂಯಿವಿಲ್ ಸೇರಿದ್ದ ಬ್ರಯನ್ ಬೋವೆನ್‌ನ ತಂದೆಗೆ 1,00,000 ಡಾಲರ್ ಕೊಡುವ ಏರ್ಪಾಡಾಗಿತ್ತು. ತನಗದು ಗೊತ್ತಿರಲಿಲ್ಲ ಎಂದ ಮಗನ ಮೇಲೆ ಸರ್ಕಾರ ಮೊಕದ್ದಮೆ ಹೂಡಲಿಲ್ಲ. ಸೌತ್ ಕ್ಯಾರೊಲೈನಾಕ್ಕೆ ಹೋದರೂ ಎನ್‌ಸಿಎಎ ಒಪ್ಪಿಗೆ ಸಿಗದೆ ಅವನು ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್‌ಗೆ ಆಡಲು ಹೋದ. ಕ್ಯಾಮ್ ನ್ಯೂಟನ್‌ಗೆ ಸಿಕ್ಕ ‘ಗೊತ್ತಿರಲಿಲ್ಲ’ ಎಂಬ ರಿಯಾಯಿತಿ ಬೋವೆನ್‌ಗೆ ಸಿಗಲಿಲ್ಲ.

ಕಾಂಡೊಲೀಸಾ ರೈಸ್ ನೇತೃತ್ವದ ಆಯೋಗ 2018ರ ಏಪ್ರಿಲಿನಲ್ಲಿ ವರದಿ ಕೊಟ್ಟು, ತೀರ್ಪು ಕೊಡುವ ಕೆಲಸ ಹೊರಗಿನವರಿಗೆ ಹೋಗಬೇಕೆಂದಿತು. ಹಾಗೆ ಬಂದ ಸ್ವತಂತ್ರ ಮಂಡಳಿಯ ತೀರ್ಪುಗಳಿಗೆ ಮೇಲ್ಮನವಿ ಇರಲಿಲ್ಲ. ಪ್ರಕರಣಗಳು ವರ್ಷಗಟ್ಟಲೆ ಎಳೆದವು. ಕೊನೆಗೆ ಅದನ್ನು ಮುಚ್ಚಲಾಯಿತು.

ಈ ಮಂಡಳಿಯ ಮುಂದೆ ಹೋದದ್ದರಲ್ಲಿ ಒಂದು ಜೇಮ್ಸ್ ವೈಸ್‌ಮನ್ ಪ್ರಕರಣ. ಮಾಜಿ ಎನ್‌ಬಿಎ ಆಟಗಾರ ಪೆನ್ನಿ ಹಾರ್ಡವೇ 2008ರಲ್ಲಿ ತಾನು ಓದಿದ ಮೆಂಫಿಸ್‌ಗೆ 10 ಲಕ್ಷ ಡಾಲರ್ ದಾನ ಕೊಟ್ಟಿದ್ದ. 2017ರಲ್ಲಿ, ಇನ್ನೂ ಹೈಸ್ಕೂಲು ಕೋಚ್ ಆಗಿದ್ದಾಗ, ವೈಸ್‌ಮನ್ ಕುಟುಂಬ ಮೆಂಫಿಸ್‌ಗೆ ಮನೆ ಬದಲಿಸಲು 11,500 ಡಾಲರ್ ಕೊಟ್ಟ. ಮುಂದೆ ಅವನೇ ಮೆಂಫಿಸ್ ವಿಶ್ವವಿದ್ಯಾಲಯದ ಕೋಚ್ ಆದ, ಹುಡುಗನೂ ಅಲ್ಲಿಗೇ ಬಂದ. ಹಳೆಯ ದಾನದ ಕಾರಣ ಹಾರ್ಡವೇ ಶಾಶ್ವತ ‘ಬೂಸ್ಟರ್’ (ತಂಡದ ಪೋಷಕ), ಆದ್ದರಿಂದ ಆ ಹಣ ಅಕ್ರಮ ಎಂಬುದು ವಾದ. 2019ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದ್ದ ಎನ್‌ಸಿಎಎ ನವೆಂಬರಿನಲ್ಲಿ ತಿರುಗಿಬಿತ್ತು. ಮೂರು ಪಂದ್ಯವಾದ ಮೇಲೆ 12 ಪಂದ್ಯಗಳ ಅಮಾನತು. ಜೊತೆಗೆ, ತಾನು ಪಡೆದೇ ಇರದ 11,500 ಡಾಲರನ್ನು ಹುಡುಗ ಧರ್ಮಕಾರ್ಯಕ್ಕೆ ಕೊಡಬೇಕು. ಡಿಸೆಂಬರಿನಲ್ಲಿ ಅವನು ಕಾಲೇಜನ್ನೇ ಬಿಟ್ಟ. 2022ರಲ್ಲಿ ಸ್ವತಂತ್ರ ಮಂಡಳಿ ಹಾರ್ಡವೇಗೆ ಯಾವ ಶಿಕ್ಷೆಯನ್ನೂ ವಿಧಿಸಲಿಲ್ಲ.

ಗೆರೆ ಸರಿದ ಮೇಲೆ

ಹವ್ಯಾಸಿತನದ ಗೋಡೆಗೆ ಬಿರುಕು ಬಿಟ್ಟದ್ದು ಬ್ಯಾಸ್ಕೆಟ್‌ಬಾಲಿನ ಕಡೆಯಿಂದಲೇ. 1995ರಲ್ಲಿ ಯುಸಿಎಲ್‌ಎಗೆ ಪ್ರಶಸ್ತಿ ಗೆದ್ದುಕೊಟ್ಟ ಎಡ್ ಒಬ್ಯಾನನ್ ತನ್ನ ರೂಪ ವಿಡಿಯೊ ಗೇಮಿನಲ್ಲಿ ಮಾರಾಟವಾಗುತ್ತಿದೆಯೆಂದು 2009ರಲ್ಲಿ ದಾವೆ ಹೂಡಿದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವನ ಪರ ತೀರ್ಪಿತ್ತರು. 2021ರ ಜೂನ್‌ನಲ್ಲಿ ಓದಿಗೆ ಸಂಬಂಧಿಸಿದ ಸವಲತ್ತುಗಳ ಮಿತಿಯನ್ನು ಪ್ರಶ್ನಿಸಿದ ಆಲ್ಸ್‌ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 9-0ರಿಂದ ಎನ್‌ಸಿಎಎ ವಿರುದ್ಧ ಹೋಯಿತು, ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಹೌಸ್ ಮೊಕದ್ದಮೆಯ ರಾಜಿ ಒಪ್ಪಂದ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಕೊಡಿಸಿ, ವಿಶ್ವವಿದ್ಯಾಲಯಗಳೇ ಮೊದಲ ವರ್ಷದಲ್ಲಿ 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ಹಂಚಲು ದಾರಿ ಮಾಡಿತು.

ತೀರ್ಪುಗಳು ನಿಲ್ಲಲಿಲ್ಲ, ಪ್ರಶ್ನೆಗಳು ಬದಲಾದವು. 600 ಡಾಲರ್ ಮತ್ತು ಅದಕ್ಕೂ ಮೇಲಿನ ಹೊರಗಿನ ಒಪ್ಪಂದಗಳು ನ್ಯಾಯವಾದ ಬೆಲೆಯವೇ ಎಂದು ಈಗ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಪರಿಶೀಲಿಸುತ್ತದೆ. ಎಫ್-1 ವೀಸಾದಲ್ಲಿ ಓದುವ ವಿದೇಶಿಯರಿಗೆ, ಭಾರತದಿಂದ ಹೋದವರೂ ಸೇರಿ, ಅಮೆರಿಕದ ನೆಲದಲ್ಲಿ ಇಂಥ ದುಡಿಮೆ ಕಷ್ಟ. ಕಾಂಗೊ ಮೂಲದ ಕೆಂಟಕಿ ಆಟಗಾರ ಆಸ್ಕರ್ ಚಿಬ್ವೆ 2022ರಲ್ಲಿ ತಂಡದ ಬಹಾಮಾಸ್ ಪ್ರವಾಸದ ವೇಳೆ ಅಲ್ಲೇ ಜಾಹೀರಾತು ಕೆಲಸ ಮುಗಿಸಿಕೊಂಡ.

2025ರ ಡಿಸೆಂಬರಿನಲ್ಲಿ ಬೇಲರ್ ವಿಶ್ವವಿದ್ಯಾಲಯಕ್ಕೆ ಜೇಮ್ಸ್ ನಾಜಿ ಬಂದ. ನೈಜೀರಿಯಾದ ಈ ಆಟಗಾರ ಬಾರ್ಸಿಲೋನಾಕ್ಕೆ ಆಡಿದವನು, 2023ರ ಎನ್‌ಬಿಎ ಡ್ರಾಫ್ಟಿನಲ್ಲಿ 31ನೆಯವನಾಗಿ ಆಯ್ಕೆಯಾದವನು. ಎನ್‌ಸಿಎಎ ಅವನನ್ನು ಅರ್ಹನೆಂದಿತು. ಎನ್‌ಬಿಎ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಅವಕಾಶವಿಲ್ಲ ಎಂದು ಅಧ್ಯಕ್ಷ ಚಾರ್ಲಿ ಬೇಕರ್ ಸ್ಪಷ್ಟನೆ ಕೊಟ್ಟರು. ಈ ಅಳತೆಯಲ್ಲಿ ಕಾಂಟರ್ ಆಡಬಹುದಿತ್ತು. ಇಷ್ಟರಲ್ಲಿ ಜಗಳ ಹಣದಿಂದ ವಯಸ್ಸಿಗೆ, ಐದು ವರ್ಷದಲ್ಲಿ ನಾಲ್ಕು ಋತು ಎಂಬ ಮಿತಿಗೆ ಸರಿದಿದೆ. 2024ರ ಡಿಸೆಂಬರಿನಲ್ಲಿ ವ್ಯಾಂಡರ್‌ಬಿಲ್ಟ್‌ನ ಫುಟ್‌ಬಾಲ್ ಆಟಗಾರ ಡಿಯೆಗೊ ಪಾವಿಯಾ ಜೂನಿಯರ್ ಕಾಲೇಜಿನ ವರ್ಷಗಳನ್ನು ಲೆಕ್ಕ ಹಿಡಿಯಬಾರದೆಂದು ಫೆಡರಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದ ಮೇಲೆ ಅಂಥ ದಾವೆಗಳು ಹಲವು ರಾಜ್ಯಗಳಲ್ಲಿ ದಾಖಲಾಗಿವೆ; ಒಂದು ನ್ಯಾಯಾಲಯ ಬಿಟ್ಟವನಂಥವನನ್ನೇ ಇನ್ನೊಂದು ನ್ಯಾಯಾಲಯ ತಡೆದಿದೆ.