ಪ್ರಸಂಗದ ಪದ್ಯ, ಹೊರಗಿನ ಪದ್ಯ

ಯಕ್ಷಗಾನದ ಪಂಚವಟಿ ಪ್ರಸಂಗ. ಮಾಯಾ ಶೂರ್ಪನಖಿ ರಂಗಸ್ಥಳಕ್ಕೆ ಬಂದಿದ್ದಾಳೆ. ಹಾಡುವ ಭಾಗವತರ ಜಾಗಟೆ ಸಣ್ಣಗೆ ನುಡಿಯುತ್ತದೆ, ಮದ್ದಲೆಗಾರ ಬೆರಳನ್ನು ಹದಮಾಡಿಕೊಳ್ಳುತ್ತಾನೆ, ಚೆಂಡೆ ಸುಮ್ಮನಿದೆ. ಪ್ರಸಂಗಪುಸ್ತಕದಲ್ಲಿ ಆಕೆಗೆ ಪದ್ಯವಿದೆ, ಪದ್ಯದ ತಲೆಯ ಮೇಲೆ ರಾಗ ತಾಳಗಳ ಹೆಸರೂ ಇದೆ. ಆದರೆ ಕೇಳಿಬರುವುದು ಪುಸ್ತಕದಲ್ಲಿಲ್ಲದ ಹಾಡು. ಭಾವಗೀತೆಯ ಧಾಟಿ, ಕುಣಿತಕ್ಕೆ ಒಗ್ಗುವ ಲಯ. ಸ್ತ್ರೀವೇಷಧಾರಿ ಹತ್ತು ನಿಮಿಷ ಕುಣಿಯುತ್ತಾನೆ. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕುತ್ತಾರೆ. ಹಿಂದೆ ಚಾಪೆಯ ಮೇಲೆ ಕುಳಿತ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ: "ಇದು ಪ್ರಸಂಗದ ಪದ್ಯ ಅಲ್ಲ ಮಾರಾಯರೆ."

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆ ಆಟ ನೋಡಿದವರಿಗೆಲ್ಲ ಈ ಮಾತು ಗೊತ್ತು. ಒಂದು ಪದ್ಯ ಪ್ರಸಂಗಕ್ಕೆ ಸೇರಿದ್ದೋ ಅಲ್ಲವೋ ಎಂಬ ಜಗಳ ಬಣ್ಣ ಹಚ್ಚುವ ಚೌಕಿಯಲ್ಲಿ ಹುಟ್ಟಿ, ಚಹಾದ ಅಂಗಡಿಗೆ ಹೋಗಿ, ವಿದ್ವಾಂಸರ ಪುಸ್ತಕಗಳವರೆಗೂ ಬೆಳೆದಿದೆ.

ಹಾಡುಗಳ ಒಂದು ಕಟ್ಟಿಗೆ ಜನ ಮನಸೋತ ಕಡೆಯಲ್ಲೆಲ್ಲ ಈ ಜಗಳವಿದೆ. 1967ರಲ್ಲಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪರ್' ಆಲ್ಬಮ್ ಬಂದಾಗ, ಅದಕ್ಕೆಂದೇ ಧ್ವನಿಮುದ್ರಣ ಶುರುವಾಗಿದ್ದ ಎರಡು ಹಾಡುಗಳು ಅದರಲ್ಲಿರಲಿಲ್ಲ. ಅವು ಮೊದಲೇ ಬಿಡಿ ತಟ್ಟೆಯಾಗಿ ಹೊರಬಂದಿದ್ದವು. ಅವನ್ನು ಬಿಟ್ಟದ್ದು ದೊಡ್ಡ ತಪ್ಪಾಯಿತೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮುಂದೆ ಪೇಚಾಡಿದರು. ಅದೇ ಆಲ್ಬಮ್ಮಿನಲ್ಲಿ ಜಾರ್ಜ್ ಹ್ಯಾರಿಸನ್ ತಬಲಾ, ದಿಲ್‌ರುಬಾ ಬಳಸಿ ಕಟ್ಟಿದ ಹಾಡು ಅಲ್ಲಿಗೆ ಸೇರಿದ್ದೇ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ತುಳುನಾಡಿನಲ್ಲಿ ಆಲ್ಬಮ್ಮಿನ ಜಾಗದಲ್ಲಿ ಪ್ರಸಂಗವಿದೆ. ಒಂದು ಪ್ರಸಂಗದಲ್ಲಿ 200–300 ಪದ್ಯಗಳಿರುವುದು ಸಾಮಾನ್ಯ. ಕವಿ ಬರೆದಿಡುವುದು ಪದ್ಯಗಳನ್ನು ಮಾತ್ರ. ಮಾತೆಲ್ಲ ವೇಷಧಾರಿಯದು, ಅದೂ ರಂಗದಲ್ಲಿ ಆ ಹೊತ್ತಿಗೆ ಹುಟ್ಟುವಂಥದು; ಅದಕ್ಕೆ 'ಅರ್ಥ' ಎನ್ನುತ್ತಾರೆ.

ಈ ಪದ್ಯಗಳ ಇತಿಹಾಸ ಉದ್ದದ್ದು. ಅಜಪುರದ, ಅಂದರೆ ಇಂದಿನ ಬ್ರಹ್ಮಾವರದ, ವಿಷ್ಣು ಕವಿಯ 'ವಿರಾಟಪರ್ವ'ದ ಪ್ರತಿಗೆ 1564ರ ಕಾಲ ಹೇಳುತ್ತಾರೆ. ಅದಕ್ಕೆ ಏಳು ವರ್ಷ ಮೊದಲು, 1557ರಲ್ಲಿ, ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಮುಗಿಸಿದ್ದ. ಹತ್ತು ಸಾವಿರದ ಹತ್ತಿರ ಪದ್ಯಗಳ ಆ ಕಾವ್ಯ ಇಡಿಯಾಗಿ ಸಾಂಗತ್ಯದಲ್ಲಿದೆ, ಹಾಡಲೆಂದೇ ಕಟ್ಟಿದ್ದು. ಅದೇ ಸಾಂಗತ್ಯ ಯಕ್ಷಗಾನ ಪ್ರಸಂಗಗಳಲ್ಲಿಯೂ ಭಾಮಿನಿ, ವಾರ್ಧಕ, ದ್ವಿಪದಿ, ಕಂದಗಳ ಜೊತೆ ಬಂದು ಕೂರುತ್ತದೆ. ಈ ಸೀಮೆಯಲ್ಲಿ ಕಾವ್ಯ ಓದುವುದೂ ಹಾಡುವುದೂ ಬೇರೆ ಬೇರೆಯಾಗಿರಲಿಲ್ಲ.

ಪದ್ಯಗಳು ತಾಳೆಗರಿಯಲ್ಲಿದ್ದ ಕಾಲದಲ್ಲಿ ಸೇರಿಕೆ ಸುಲಭವಿತ್ತು. ಒಬ್ಬ ಭಾಗವತ ತನ್ನ ಮೇಳಕ್ಕೆಂದು ಪ್ರತಿ ಮಾಡಿಕೊಳ್ಳುವಾಗ ಒಂದು ಪದ್ಯ ಬಿಡುತ್ತಿದ್ದ, ಇನ್ನೊಂದನ್ನು ಸೇರಿಸುತ್ತಿದ್ದ. ಮುಂದಿನವನಿಗೆ ಅದೇ ಮೂಲ. ಉಡುಪಿಯಲ್ಲಿ ಪಾವಂಜೆ ಗುರುರಾವ್ ಅವರ ಶ್ರೀಮನ್ಮಧ್ವ ಸಿದ್ಧಾಂತ ಗ್ರಂಥಾಲಯ ಪ್ರಸಂಗಗಳನ್ನು ಅಚ್ಚು ಹಾಕಿ ಮಾರತೊಡಗಿದ ಮೇಲೆ ಪದ್ಯಗಳಿಗೆ ಒಂದು ನಿಂತ ರೂಪ ಬಂತು. 'ಪುಸ್ತಕದಲ್ಲಿದೆ', 'ಪುಸ್ತಕದಲ್ಲಿಲ್ಲ' ಎಂಬ ವಾದಕ್ಕೆ ಬಲ ಬಂದದ್ದೂ ಆಗಲೇ.

ಆದರೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಪಂಚವಟಿಯನ್ನೇ ತೆಗೆದುಕೊಳ್ಳಬಹುದು. ತೆಂಕುತಿಟ್ಟಿನವರು, ಅಂದರೆ ದಕ್ಷಿಣದ ಶೈಲಿಯವರು, ಯಕ್ಷಗಾನದ ಪಿತಾಮಹನೆಂದು ಕೈಮುಗಿಯುವ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪುತ್ರಕಾಮೇಷ್ಟಿಯಿಂದ ಪಟ್ಟಾಭಿಷೇಕ, ಕುಶಲವರ ಕಾಳಗದವರೆಗಿನ ರಾಮಾಯಣ ಪ್ರಸಂಗಗಳಿವೆ. ಮಧೂರಿನ ಗಣಪತಿಯ ಸ್ತುತಿ, ಕಣಿಪುರ ಅಂದರೆ ಕುಂಬಳೆಯ ಕೃಷ್ಣನ ಅಂಕಿತ, ಇವು ಅವನ ಗುರುತು ಎಂದು ಹೇಳುತ್ತ ಬಂದರು. ಶಿವರಾಮ ಕಾರಂತರು ಇದನ್ನು ಒಪ್ಪಲಿಲ್ಲ. ಸ್ತುತಿಪದ್ಯ ಆಮೇಲೆ ಯಾರು ಬೇಕಾದರೂ ಸೇರಿಸಬಹುದಾದದ್ದು ತಾನೇ? ರಾಮಾಯಣ ಪ್ರಸಂಗಗಳು ಬಡಗಿನ, ಅಂದರೆ ಉತ್ತರದ ಕಡೆಯ, ಕವಿಯವು ಎಂಬುದು ಅವರ ವಾದ. ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದಿದ್ದರು. ಕುಕ್ಕಿಲ ಕೃಷ್ಣ ಭಟ್ಟರು ಅವನ ಯಕ್ಷಗಾನಗಳನ್ನು ಸಂಪಾದಿಸಿ ಕುಂಬಳೆಯ ಪಕ್ಷವನ್ನು ಗಟ್ಟಿಮಾಡಿದರು. ಪ್ರಸಂಗದ ಬಾಗಿಲಲ್ಲಿ ನಿಂತ ಒಂದು ಸ್ತುತಿಪದ್ಯ ಒಳಗಿನದೋ ಹೊರಗಿನದೋ ಎಂಬುದರ ಮೇಲೆ ಒಬ್ಬ ಕವಿಯ ಊರೇ ನಿರ್ಧಾರವಾಗಬೇಕಾಯಿತು.

ಕುಕ್ಕಿಲರ ಕೆಲಸದಲ್ಲಿ ಇನ್ನೂ ಮುಖ್ಯವಾದ ಒಂದು ಸಂಗತಿಯಿದೆ. ಪಾರ್ತಿಸುಬ್ಬನ ಎಷ್ಟೋ ಪದ್ಯಗಳು ಕೇರಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಪದಗಳಿಗೆ ತೀರ ಹತ್ತಿರ ಎಂದು ಅವರು ಎತ್ತಿ ತೋರಿಸಿದರು. ಹಾಗಾದರೆ ಎರವಲು ಬಂದ ಪದ್ಯ ಹೊರಗಿನದಾಗಬೇಕಲ್ಲ? ಕೇಳಿದವರು ಯಾರೂ ಹಾಗೆ ಹೇಳಲಿಲ್ಲ. ಮಲೆಯಾಳದಿಂದ ಬಂದದ್ದು ಕನ್ನಡದ ಜಾಯಮಾನಕ್ಕೆ ಹೊಂದಿ, ಚೆಂಡೆ ಮದ್ದಲೆಗೆ ಒಗ್ಗಿ, ತಲೆಮಾರುಗಳ ಅರ್ಥಧಾರಿಗಳ ಬಾಯಲ್ಲಿ ಬೆಳೆಯಿತು. ಎಲ್ಲಿಂದ ಬಂತು ಎಂಬುದಲ್ಲ, ಬಂದ ಮೇಲೆ ಏನು ಕೆಲಸ ಮಾಡಿತು ಎಂಬುದೇ ಇಲ್ಲಿ ಮುಖ್ಯವಾಯಿತು.

ಧರ್ಮಸ್ಥಳದ ಮಂಜುನಾಥೇಶ್ವರ ಕೃಪಾಪೋಷಿತ ಯಕ್ಷಗಾನ ಮಂಡಳಿ ಈ ಕಥೆಯ ನಡುವೆಯೇ ಇದೆ. ತೆಂಕಿನ ಹಳೆಯ ಮೇಳಗಳಲ್ಲಿ ಅದೊಂದು. ಕುರಿಯ ವಿಠಲ ಶಾಸ್ತ್ರಿಗಳು ಅದನ್ನು ಮುನ್ನಡೆಸಿದವರು. ಕಡತೋಕ ಮಂಜುನಾಥ ಭಾಗವತರು ದಶಕಗಳ ಕಾಲ ಅಲ್ಲಿ ಹಾಡಿದರು. ಅವರು ಹುಟ್ಟಿದ್ದು ಹೊನ್ನಾವರದ ಕಡೆ, ಬಡಗಿನ ನೆಲದಲ್ಲಿ. ಆ ದಿಕ್ಕಿನ ಕಂಠ ತೆಂಕಿನ ಜಾಗಟೆ ಹಿಡಿದು, ತೆಂಕಿನ ಪ್ರಮುಖ ಮೇಳವೊಂದರ ಧ್ವನಿಯೇ ಆಯಿತು. ಸೂರಿಕುಮೇರಿ ಗೋವಿಂದ ಭಟ್ಟರು ಅರ್ಧ ಶತಮಾನ ಅದೇ ಮೇಳದಲ್ಲಿ ವೇಷ ಮಾಡಿದರು. ಕ್ಷೇತ್ರದ ಲಲಿತಕಲಾ ಕೇಂದ್ರದಲ್ಲಿ ಹೊಸಬರಿಗೆ ಪಾಠವನ್ನೂ ಹೇಳಿದರು.

ಪುರಾಣ ಪ್ರಸಂಗಗಳ ಜೊತೆ ಈ ಮೇಳಕ್ಕೆ ತನ್ನದೇ ಕ್ಷೇತ್ರದ ಕಥೆಯೂ ಇದೆ. ಕುಡುಮವೆಂಬ ಊರು, ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ, ಮನೆಗೆ ಬಂದ ಧರ್ಮದೈವಗಳು, ಕದಿರೆಯಿಂದ ಲಿಂಗ ತಂದ ಅಣ್ಣಪ್ಪ. ಕಳೆದ ಶತಮಾನದ ದ್ವಿತೀಯಾರ್ಧದಲ್ಲಿ ಇಂಥ ಕ್ಷೇತ್ರಮಹಾತ್ಮೆಗಳು, ತುಳು ಪ್ರಸಂಗಗಳು ಮೇಲಿಂದ ಮೇಲೆ ರಂಗಕ್ಕೆ ಬಂದವು. ಅವುಗಳ ಜೊತೆಗೆ ಹೊಸ ಪದ್ಯಗಳು ಬರಲೇಬೇಕಾಯಿತು. ಕೋಟಿ ಚೆನ್ನಯರ ಕಥೆ ಆಡುವಾಗ ಪಾಡ್ದನದ 'ಡೆನ್ನಾನ' ಧಾಟಿ ಕೇಳಿದರೆ ತುಳುವರಿಗೆ ಅದು ಹೊರಗಿನದೆನ್ನಿಸುವುದಿಲ್ಲ. ಆ ಕಥೆ ಪ್ರಸಂಗವಾಗುವ ಮೊದಲು ನಾಟಿಯ ಗದ್ದೆಯಲ್ಲಿ ಹೆಂಗಸರ ಬಾಯಲ್ಲಿ ಬಾಳಿದ್ದು ಆ ಧಾಟಿಯಲ್ಲೇ. ಇಲ್ಲಿ ಧಾಟಿಯೇ ಮೂಲ, ಪುಸ್ತಕ ಆಮೇಲಿನದು.

ಡೇರೆ ಮೇಳಗಳ ಕಾಲದ ಸಂಗತಿ ಬೇರೆ. ಟಿಕೆಟು ಕೊಂಡು ಕುರ್ಚಿಯಲ್ಲಿ ಕೂತವನು ಮುಂದಿನ ವಾರ ಸಿನಿಮಾ ಟಾಕೀಸಿಗೂ ಹೋಗುವವನು. ಅವನನ್ನು ಹಿಡಿದಿಡಲು ಹಾಡಿನ ರಂಜನೆ ಬೇಕಾಯಿತು. ತೆಂಕಿನಲ್ಲಿ ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಸಂಗೀತದ ಹದವನ್ನು ಭಾಗವತಿಕೆಗೆ ತಂದರು. ಬಡಗಿನಲ್ಲಿ ಕಾಳಿಂಗ ನಾವಡರು (1958–1990) ಹೊಸ ರಾಗಗಳನ್ನು ತಂದು, 'ನಾಗಶ್ರೀ'ಯಂಥ ಪ್ರಸಂಗವನ್ನು ತಾವೇ ಬರೆದು, ಒಂದು ಪೀಳಿಗೆಯನ್ನೇ ಸೆಳೆದರು. ಅವರ ಕ್ಯಾಸೆಟ್ಟುಗಳು ಆಟಕ್ಕೆ ಹೋಗದವರ ಮನೆಯಲ್ಲೂ ತಿರುಗಿದವು. ಪದ್ಯವೊಂದನ್ನು ಪ್ರಸಂಗದಿಂದ ಬಿಡಿಸಿ, ಬಿಡಿ ಹಾಡಿನಂತೆ ಕೇಳುವ ಅಭ್ಯಾಸಕ್ಕೆ ಕ್ಯಾಸೆಟ್ಟು ಜೀವ ತುಂಬಿತು. ಬಿಡಿಯಾಗಿ ಕೇಳಿ ಮೆಚ್ಚಿದ್ದನ್ನು ರಂಗಸ್ಥಳದಲ್ಲೂ ಕೇಳಬೇಕೆಂಬ ಆಸೆ ಅದರ ಬೆನ್ನಿಗೇ ಬಂತು.

ಅದೇ ಕಾಲದಲ್ಲಿ ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ಇನ್ನೊಂದು ಬಗೆಯ ಭಾಗವತರಿದ್ದರು. ಬಲಿಪ ನಾರಾಯಣ ಭಾಗವತರು 1938ರಲ್ಲಿ ಹುಟ್ಟಿ 2023ರ ಫೆಬ್ರವರಿಯಲ್ಲಿ ತೀರಿಕೊಂಡವರು, ಅದೇ ಹೆಸರಿನ ಹಿರಿಯ ಬಲಿಪರ ಮೊಮ್ಮಗ. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದರು. ಹತ್ತಾರು ಪ್ರಸಂಗಗಳು ಅವರಿಗೆ ಬಾಯಿಪಾಠ. ನಡುರಾತ್ರಿಯ ಮೇಲೆ, ಏರುಶ್ರುತಿಯಲ್ಲಿ, ಪುಸ್ತಕದ ಕಡೆ ಕಣ್ಣು ಹಾಯಿಸದೆ ಹಾಡುವವರು. ಹೊರಗಿನ ಧಾಟಿಯನ್ನು ಅವರು ಹತ್ತಿರ ಸೇರಿಸಲಿಲ್ಲ. ಹಾಗೆಂದು ಹೊಸದನ್ನು ಬೇಡವೆಂದವರೂ ಅಲ್ಲ: ಐದು ದಿನಗಳ 'ದೇವೀ ಮಹಾತ್ಮೆ' ಅವರದೇ ರಚನೆ, ಬೇರೆ ಪ್ರಸಂಗಗಳನ್ನೂ ಬರೆದರು. ಹೊಸ ಪದ್ಯ ಬೇಕಾದರೆ ಯಕ್ಷಗಾನದ ಮಟ್ಟಿನಲ್ಲೇ ಕಟ್ಟಬೇಕೆಂಬುದಕ್ಕೆ ಅವರ ಕೃತಿಗಳೇ ಸಾಕ್ಷಿ.

ಹಾಗಾದರೆ ಪದ್ಯ ಪ್ರಸಂಗದ್ದೆಂದು ಹೇಳುವುದು ಹೇಗೆ? ಕವಿಯ ಹೆಸರು, ಅಚ್ಚಿನ ಪ್ರತಿ, ರಾಗದ ಹಳಮೆ ಇವೆಲ್ಲ ಒಂದು ಮಟ್ಟಕ್ಕೆ ನೆರವಾಗುತ್ತವೆ. ಕೊನೆಗೆ ತೀರ್ಮಾನ ಹೇಳುವುದು ಅರ್ಥ. ಭಾಗವತರು ಪದ್ಯದ ಮುಕ್ತಾಯ ಮಾಡುತ್ತಾರೆ, ಚೆಂಡೆ ನಿಲ್ಲುತ್ತದೆ, ವೇಷಧಾರಿ ಬಾಯಿ ತೆರೆಯುತ್ತಾನೆ. ಆ ಕ್ಷಣದಲ್ಲಿ ಅವನಿಗೆ ಹೇಳಲು ಏನಾದರೂ ಇರಬೇಕು. ಶೂರ್ಪನಖಿಯ ಪದ್ಯವಾದರೆ ಅದು ರಾಮನಿಗೆ ಹೇಳಿದ ಮಾತು. ರಾಮ ಅದಕ್ಕೆ ಉತ್ತರ ಕೊಡಬೇಕು, ಉತ್ತರಕ್ಕೆ ಇನ್ನೊಂದು ಪದ್ಯವಿದೆ, ಲಕ್ಷ್ಮಣನ ಕಡೆ ತೋರಿಸುವುದಕ್ಕೆ ಮತ್ತೊಂದು. ಒಂದಕ್ಕೊಂದು ಕೊಂಡಿ. ಕವಿಯೇ ಕಥೆ ಹೇಳುವ ಭಾಮಿನಿಗೋ ವಾರ್ಧಕಕ್ಕೋ ಅರ್ಥ ಬೇಡ, ಆದರೆ ಅದು ಕಥೆಯನ್ನು ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಭಾವಗೀತೆಯ ಧಾಟಿಯಲ್ಲಿ ಸೇರಿಸಿದ ಹಾಡು ಮುಗಿದಾಗ ವೇಷಧಾರಿ ಉಬ್ಬಸದಲ್ಲಿ ಒಂದೆರಡು ಮಾತಾಡಿ ಮತ್ತೆ ಪುಸ್ತಕದ ಪದ್ಯಕ್ಕೇ ಮರಳಬೇಕಾಗುತ್ತದೆ. ಆ ಹಾಡು ಯಾರಿಗೂ ಏನನ್ನೂ ಹೇಳಿರುವುದಿಲ್ಲ. ಹಿಂದಿನ ಸಾಲಿನ ಹಿರಿಯರಿಗೆ ಕೇಳಿಸಿದ್ದು ಈ ಕೊಂಡಿ ತಪ್ಪಿದ ಸದ್ದು.

ಈ ಪ್ರಶ್ನೆ ಈಗ ಇನ್ನೂ ಬಿಗಿಯಾಗಿದೆ. ಇಡೀ ರಾತ್ರಿಯ ಆಟ ಕಡಿಮೆಯಾಗುತ್ತಿದೆ. ಧರ್ಮಸ್ಥಳ ಮೇಳ ಕಾಲಮಿತಿಗೆ ಬಂದು, ಸಂಜೆ ಶುರುವಾದ ಆಟ ನಡುರಾತ್ರಿಗೆ ಮುಗಿಯುವಂತಾಯಿತು. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಯತ್ತ ಹೊರಳಿದವು. ಮಕ್ಕಳು, ಕೆಲಸಕ್ಕೆ ಹೋಗುವವರು ಕೊನೆಯವರೆಗೆ ಕೂತು ಮಂಗಳ ಕೇಳುವುದು ಇದರಿಂದ ಸಾಧ್ಯವಾಗಿದೆ, ಅದು ದೊಡ್ಡ ಲಾಭ. ಆದರೆ ಐದು ಗಂಟೆಗಳ ಅವಧಿಯಲ್ಲಿ 200 ಪದ್ಯ ಹಿಡಿಯುವುದಿಲ್ಲ. ಮೊದಲು ಹೋಗುವುದು ಪೂರ್ವರಂಗ. ಸಭಾಲಕ್ಷಣದ ಪದ್ಯಗಳು, ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಇವು ಯಾವ ಕಥೆಗೂ ಸೇರಿದವಲ್ಲ, ಆದರೆ ಆಟಕ್ಕೆ ಸೇರಿದವು. ಅವನ್ನು ಹಾಡುವ 'ಸಂಗೀತಗಾರ' ಎಳೆಯ ಭಾಗವತ. ಅವನು ತಾಳ ಗಟ್ಟಿಮಾಡಿಕೊಳ್ಳುತ್ತಿದ್ದದ್ದು, ಎಳೆಯ ವೇಷಧಾರಿ ಹೆಜ್ಜೆ ಕಲಿಯುತ್ತಿದ್ದದ್ದು ಆ ಹೊತ್ತಿನಲ್ಲೇ. ಆಮೇಲೆ ಒಡ್ಡೋಲಗದ ಪದ್ಯಗಳಿಗೆ ಕತ್ತರಿ, ಆಮೇಲೆ ಸಂವಾದದ ಪದ್ಯಗಳಿಗೆ. ಇಷ್ಟೆಲ್ಲ ಬಿಟ್ಟು ಉಳಿಸಿದ ಸಮಯದಲ್ಲಿ ಹೊರಗಿನ ಒಂದು ಹಾಡಿಗೆ ಹತ್ತು ನಿಮಿಷ ಕೊಟ್ಟರೆ ಹೋಗುವುದು ಪಾರ್ತಿಸುಬ್ಬನ ಮೂರು ಪದ್ಯ, ಮೂರು ಪದ್ಯಗಳ ಮೇಲೆ ಹುಟ್ಟಬೇಕಿದ್ದ ಅರ್ಥ.

ಯಕ್ಷವಾಹಿನಿ ಸಂಸ್ಥೆಯ 'ಯಕ್ಷಪ್ರಸಂಗ ಕೋಶ' ಹಳೆಯ ಪ್ರಸಂಗಗಳನ್ನು ಹೊಸದಾಗಿ ಬೆರಳಚ್ಚು ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿದೆ. ಪ್ರಸಂಗದ ಪೂರ್ಣಪಾಠ ಈಗ ಮೊಬೈಲಿನಲ್ಲೇ ಸಿಗುತ್ತದೆ. ಇನ್ನು ಬೇಕಾದದ್ದು ಎರಡು. ಮೇಳಗಳು ಕಾಲಮಿತಿಗೆಂದು ಆರಿಸಿಕೊಂಡ ಪದ್ಯಗಳ ಪಟ್ಟಿಯನ್ನು ಬರೆದಿಡಲಿ. ಏನು ಹಾಡಿದರು, ಏನು ಬಿಟ್ಟರು ಎಂಬುದು ಮುಂದಿನವರಿಗೆ ಗೊತ್ತಿರಬೇಕು. ಮತ್ತೆ, ಹೊರಗಿನ ಪದ್ಯ ಹಾಡಲೇಬೇಕಾದಾಗ ಅದು ಯಾರದೆಂದು ಪ್ರಸಂಗಕರ್ತನ ಹೆಸರಿನ ಜೊತೆಗೇ ಸಭೆಗೆ ತಿಳಿಸಲಿ. ಪ್ರೇಕ್ಷಕರು ಮಾಡಬೇಕಾದದ್ದೂ ಒಂದಿದೆ. ಈ ಸಲ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚುವುದರೊಳಗೆ ಊರಲ್ಲಿ ಪಂಚವಟಿ ಆದರೆ, ಪ್ರಸಂಗವನ್ನು ಒಮ್ಮೆ ಓದಿಕೊಂಡು ಹೋಗಿ ಕೂತುಕೊಳ್ಳಿ.